ಕುದುರೆಗೆ ಎಂಟು ಕಾಲು ಬಂದ ಬಗೆ

ನಡು ಮಧ್ಯಾಹ್ನದ ಬಿಸಿಲಲ್ಲಿ ನೋಡಿದರೆ ಅದು ಬರೀ ಕಲ್ಲು. ಮಳೆ, ಹಿಮ, ಪಾಚಿ ತಿಂದು ಬಿಟ್ಟ ಬೂದು ಸುಣ್ಣಕಲ್ಲು. ಕತ್ತಲಾದ ಮೇಲೆ ದೀಪವೊಂದನ್ನು ಪಕ್ಕದಿಂದ, ಕಲ್ಲಿನ ಮೈ ಸವರುವ ಹಾಗೆ ಹಿಡಿದರೆ ಆಗ ಒಂದೊಂದೇ ಎದ್ದು ಬರುತ್ತವೆ: ಒಂದು ಗೊರಸು, ಒಂದು ಬಾಲ, ದೋಣಿಯ ಮೂತಿ. ಸ್ವೀಡನ್ನಿನ ಪುರಾತತ್ವಜ್ಞ ಸುನೆ ಲಿಂಡ್‌ಕ್ವಿಸ್ಟ್ ಗಾಟ್ಲಂಡ್ ದ್ವೀಪದ ಚಿತ್ರಗಲ್ಲುಗಳನ್ನು ಓದಿದ್ದು ಹೀಗೆ. ಕಂಡ ಗೆರೆಗೆ ಬಣ್ಣ ತುಂಬಿ, ಫೋಟೊ ತೆಗೆಸಿ, 1941–42ರಲ್ಲಿ ಎರಡು ದಪ್ಪ ಸಂಪುಟಗಳಾಗಿ ಪ್ರಕಟಿಸಿದರು. ಅಂದಿನಿಂದ ಪುಸ್ತಕಗಳಲ್ಲಿ ಓಡಾಡುತ್ತಿರುವ ಗಾಟ್ಲಂಡಿನ ಪ್ರಾಣಿಗಳಲ್ಲಿ ಬಹಳಷ್ಟು ಆ ಕುಂಚವನ್ನು ದಾಟಿ ಬಂದವು. ಉಳಿ ಹಿಡಿದವನಿಗೆ ಎಷ್ಟು ಸಲ್ಲಬೇಕು, ಕುಂಚ ಹಿಡಿದವರಿಗೆ ಎಷ್ಟು ಎಂಬ ಲೆಕ್ಕ ಇನ್ನೂ ತೀರಿಲ್ಲ.

ಗಾಟ್ಲಂಡ್ ಇರುವುದು ಬಾಲ್ಟಿಕ್ ಸಮುದ್ರದ ನಡುವೆ. ನೆಲ ಕೆದಕಿದರೆ ಸುಣ್ಣಕಲ್ಲು, ಅದೂ ಚಪ್ಪಡಿ ಚಪ್ಪಡಿಯಾಗಿ ಏಳುವಂಥದ್ದು. ಹಲಗೆಯಂಥ ಇಂಥ ಕಲ್ಲು ಕೈಗೆ ಸಿಕ್ಕಿದ್ದರಿಂದಲೇ ಇರಬೇಕು, ಹತ್ತಿರಹತ್ತಿರ ಕ್ರಿ.ಶ. 400ರಿಂದ 1100ರವರೆಗೆ, ಏಳು ನೂರು ವರ್ಷ, ಈ ದ್ವೀಪದವರು ಸತ್ತವರ ನೆನಪಿಗೆ ಕಲ್ಲು ನಿಲ್ಲಿಸಿ ಅದರ ಮೇಲೆ ಚಿತ್ರ ಕೊರೆದರು. ತುಂಡುಗಳನ್ನೂ ಸೇರಿಸಿದರೆ ಐದು ನೂರಕ್ಕೂ ಹೆಚ್ಚು ಸಿಕ್ಕಿವೆ. ಸ್ಕ್ಯಾಂಡಿನೇವಿಯಾದ ಬೇರೆ ಕಡೆ ಈ ಬಗೆಯವು ಇಲ್ಲವೆನ್ನುವಷ್ಟು ಕಡಿಮೆ.

ಮೊದಲ ಕಲ್ಲುಗಳಿಗೆ ಕೊಡಲಿಯ ಅಲಗಿನ ಆಕಾರ. ಸಾಂಡಾ ಎಂಬ ಊರಿನ ಚರ್ಚಿನ ಸ್ಮಶಾನದಲ್ಲಿ 1956ರಲ್ಲಿ ದೊರೆತ ಕಲ್ಲು ಮೂರು ಮೀಟರಿಗೂ ಎತ್ತರ. ಅದರ ನೆತ್ತಿಯಲ್ಲಿ ಗಿರ್ರನೆ ತಿರುಗುವ ಸುಳಿಯಂಥ ದೊಡ್ಡ ಚಕ್ರ, ಸೂರ್ಯನೇ ಇರಬಹುದು. ಕೆಳಗೆ ಎರಡು ಚಿಕ್ಕ ಚಕ್ರ; ಅವಕ್ಕೆ ಹಾವುಗಳು ಸುತ್ತಿಕೊಂಡಿವೆ. ಅದಕ್ಕೂ ಕೆಳಗೆ ಒಂದು ಮರ, ಒಂದು ಘೋರ ಪ್ರಾಣಿ. ಎಲ್ಲಕ್ಕಿಂತ ತಳದಲ್ಲಿ ಒಂದು ದೋಣಿ, ಅದಕ್ಕೆ ಹಾಯಿ ಇಲ್ಲ, ಹುಟ್ಟು ಹಾಕುವವರಿದ್ದಾರೆ. ಇಲ್ಲಿ ಪ್ರಾಣಿಗಳು ಕಥೆ ಹೇಳುತ್ತಿಲ್ಲ. ಬೆಳಕಿನ ಸುತ್ತ ಕಾವಲಿಗೋ, ಅದನ್ನು ನುಂಗುವುದಕ್ಕೋ ಕಾದು ಕೂತಿವೆ.

ಇದೇ ಕಾಲದ ಇನ್ನೊಂದು ಕಲ್ಲು ಹಾಂಗ್ವಾರ್ ಪ್ರಾಂತದ ಔಸ್ಟರ್ಸ್‌ನಲ್ಲಿದ್ದದ್ದು. ಜರಿಯಂತೆ ಮೈತುಂಬ ಕಾಲಿರುವ ಒಂದು ಪ್ರಾಣಿ, ಅದರ ಬಾಯಿಯ ಮುಂದೆ ಕೈ ಚಾಚಿದ ಒಬ್ಬ ಮನುಷ್ಯ. ಹೋರಾಡುತ್ತಿದ್ದಾನೋ, ಉಣಿಸುತ್ತಿದ್ದಾನೋ ಹೇಳಬರುವಂತಿಲ್ಲ. ಕಾಲು ಹೆಚ್ಚಾದಷ್ಟೂ ಪ್ರಾಣಿ ಈ ಲೋಕದ್ದಲ್ಲ ಎಂಬ ಲೆಕ್ಕಾಚಾರ ಎಂಟು ಕಾಲಿನ ಕುದುರೆಗಿಂತ ಎಷ್ಟೋ ತಲೆಮಾರು ಮೊದಲೇ ಈ ದ್ವೀಪದಲ್ಲಿತ್ತು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ.

ಸ್ಮಿಸ್ ಎಂಬಲ್ಲಿ 1955ರಲ್ಲಿ ಸಿಕ್ಕ ಕಲ್ಲು ಗಾತ್ರದಲ್ಲಿ ಸಣ್ಣದು, 82 ಸೆಂಟಿಮೀಟರ್. ಹೆಸರು ಮಾತ್ರ ದೊಡ್ಡದು: ‘ಹಾವಿನ ಮಾಟಗಾತಿ’. ಕಾಲು ಅಗಲಿಸಿ ಕೂತ ಆಕೃತಿಯೊಂದು ಎರಡೂ ಕೈಯಲ್ಲಿ ಹಾವು ಎತ್ತಿ ಹಿಡಿದಿದೆ. ಮೇಲುಗಡೆ ಮೂರು ಪ್ರಾಣಿಗಳು ಒಂದಕ್ಕೊಂದು ಹೆಣೆದು ಚಕ್ರವಾಗಿವೆ. ಒಂದರ ತಲೆ ಹಂದಿಯದು, ಇನ್ನೊಂದರದು ಹದ್ದಿನದು. ಮಾಟಗಾತಿ ಎಂದದ್ದು ಇಪ್ಪತ್ತನೇ ಶತಮಾನ. ಕಲ್ಲು ಹಾಗೇನೂ ಹೇಳುವುದಿಲ್ಲ. ಹಾವು ಹಿಡಿದ ಹೆಂಗಸನ್ನು ಕಂಡೊಡನೆ ಮಾಟ ನೆನಪಾಗುವುದು ನೋಡುವವರ ತಲೆಯೊಳಗಿನ ತೊಂದರೆ. ಗಾಟ್ಲಂಡಿನವರದೇ ಕಥೆಯೊಂದು 13ನೇ ಶತಮಾನದ ‘ಗೂಟಾ ಸಾಗಾ’ದಲ್ಲಿದೆ. ಹಗಲು ಮುಳುಗಿ ರಾತ್ರಿ ಮೇಲೇಳುತ್ತಿದ್ದ ಈ ದ್ವೀಪಕ್ಕೆ ಬೆಂಕಿ ತಂದು ಅದನ್ನು ನೆಲೆನಿಲ್ಲಿಸಿದವನ ಸೊಸೆ, ಮದುವೆಯ ಮೊದಲ ರಾತ್ರಿ ಕನಸು ಕಾಣುತ್ತಾಳೆ: ತನ್ನ ಎದೆಯಲ್ಲಿ ಮೂರು ಹಾವು ಹೆಣೆದುಕೊಂಡು ಹೊರಬಂದಂತೆ. ಮೂರು ಗಂಡುಮಕ್ಕಳು ಹುಟ್ಟುತ್ತಾರೆ, ದ್ವೀಪ ಮೂರು ಪಾಲಾಗುತ್ತದೆ. ಕಲ್ಲಿಗೂ ಬರಹಕ್ಕೂ ನಡುವೆ ಆರೇಳು ನೂರು ವರ್ಷದ ಅಂತರವಿದೆ, ನಿಜ. ಆದರೂ ಇಲ್ಲಿ ಹಾವು ಎಂದರೆ ವಿಷವಷ್ಟೇ ಅಲ್ಲ, ವಂಶವೂ ಹೌದು ಎಂದು ಊಹಿಸಲು ಇಷ್ಟು ಸಾಕು.

ಆಮೇಲೆ ಸೂರ್ಯ ಮಾಯವಾಗುತ್ತಾನೆ. ಕ್ರಿ.ಶ. 536ರಲ್ಲಿ ದೊಡ್ಡ ಜ್ವಾಲಾಮುಖಿಯೊಂದು ಸಿಡಿದು ಉತ್ತರ ಗೋಳಾರ್ಧದ ಆಕಾಶ ಮಂಕಾಯಿತು. 540ರ ಸುಮಾರಿಗೆ ಮತ್ತೊಂದು. ಬೆಳೆ ಕೆಟ್ಟಿತು, ಸ್ಕ್ಯಾಂಡಿನೇವಿಯಾದಲ್ಲಿ ಎಷ್ಟೋ ಊರು ಪಾಳುಬಿತ್ತು. ಚಿತ್ರಗಲ್ಲುಗಳ ದೊಡ್ಡ ಚಕ್ರ ಅಳಿದದ್ದೂ ಆ ಶತಮಾನದಲ್ಲೇ. ಎರಡಕ್ಕೂ ನಂಟಿದೆ ಎಂಬುದು ಪುರಾತತ್ವಜ್ಞ ಆಂಡರ್ಸ್ ಆಂಡ್ರೆನ್ ಅವರ ವಾದ. ಕೈಕೊಟ್ಟ ದೇವರನ್ನು ಜನ ಕಲ್ಲಿನಿಂದಲೂ ಇಳಿಸಿದರೇನೊ. ನಂತರದ ಕಲ್ಲುಗಳು ಗಿಡ್ಡ, ಚಿತ್ರವೂ ಮಿತ: ಒಂದು ದೋಣಿ, ಎದುರುಬದುರು ನಿಂತ ಒಂದು ಜೊತೆ ಬಾತುಕೋಳಿ. ಈ ಗಿಡ್ಡ ಜಾತಿಯ ಕಲ್ಲೊಂದು 1987ರಲ್ಲಿ ಸಮುದ್ರದಾಚೆ ಲಾಟ್ವಿಯಾದ ಗ್ರೊಬಿನ್ಯದಲ್ಲೂ ಸಿಕ್ಕಿದೆ. ವಲಸೆ ಹೋದವರು ಜೊತೆಗೆ ಸಾವಿನ ಪದ್ಧತಿಯನ್ನೂ ಒಯ್ದಿದ್ದರು.

ಎಂಟನೇ ಶತಮಾನದ ಹೊತ್ತಿಗೆ ಕಲ್ಲು ಮತ್ತೆ ಬೆಳೆಯುತ್ತದೆ. ಈಗ ಅಣಬೆಯ ಆಕಾರ, ಅಂಚಿಗೆ ಹೆಣಿಗೆಯ ಪಟ್ಟಿ, ಚೌಕಳಿ ಹಾಯಿ ಬಿಚ್ಚಿದ ಹಡಗು, ಮತ್ತು ಕುದುರೆ. ಸವಾರ ಬರುತ್ತಿದ್ದಾನೆ, ಎದುರಿಗೆ ಹೆಂಗಸೊಬ್ಬಳು ಪಾನದ ಕೊಂಬು ಹಿಡಿದು ನಿಂತಿದ್ದಾಳೆ. ಕಲ್ಲಿನಿಂದ ಕಲ್ಲಿಗೆ ಇದೇ ದೃಶ್ಯ. ಸ್ವೀಡನ್ನಿನ ಸಂಶೋಧಕಿ ಲೈಲಾ ಕಿಟ್ಸ್ಲರ್ ಓಫೆಲ್ಟ್ ಉಳಿಯ ಗಾಯಗಳನ್ನು ತ್ರಿಆಯಾಮ ಸ್ಕ್ಯಾನರಿನಲ್ಲಿ ಅಳೆದು ಕೆತ್ತಿದ ಕೈಗಳನ್ನು ಬೇರೆಬೇರೆಯಾಗಿ ಗುರುತಿಸುವ ಕೆಲಸ ಮಾಡಿದ್ದಾರೆ. ಕೆಲವು ಆಕೃತಿಗಳಿಗೆ ಅಚ್ಚಿನ ನಮೂನೆ ಬಳಸಿದ್ದರು ಎನ್ನುವುದಕ್ಕೂ ಅವರಿಗೆ ಸುಳಿವು ಸಿಕ್ಕಿದೆ. ಅಂದರೆ ದುಃಖಕ್ಕೂ ಒಂದು ಕಾರ್ಖಾನೆ ಇತ್ತು.

ಎಂಟು ಕಾಲು ಎದ್ದು ಕಾಣುವುದು ಎರಡು ಕಲ್ಲುಗಳಲ್ಲಿ. 1844ರಲ್ಲಿ ಚೆಂಗ್‌ವೀಡೆಯ ಹೊಲಮನೆಯಲ್ಲಿ ಸಿಕ್ಕಿದ್ದು ಒಂದು. ಒಡಹುಟ್ಟಿದವನ ನೆನಪಿಗೆ ನಿಲ್ಲಿಸಿದ್ದೆಂದು ಅದರ ಮೇಲಿನ ರೂನ್ ಎಂಬ ಹಳೆಯ ಲಿಪಿಯ ಅಕ್ಷರಗಳು ಹೇಳುತ್ತವೆ. 1900ರ ಆಸುಪಾಸಿನಲ್ಲಿ ಆರ್ಡ್ರೆ ಚರ್ಚಿನ ನೆಲದಡಿಯಿಂದ ಎದ್ದದ್ದು ಇನ್ನೊಂದು. ಎರಡೂ ಈಗ ಸ್ಟಾಕ್‌ಹೋಮಿನ ಇತಿಹಾಸ ವಸ್ತುಸಂಗ್ರಹಾಲಯದಲ್ಲಿವೆ. ನೋಡಿದವರೆಲ್ಲ ಥಟ್ಟನೆ ಹೇಳುವ ಹೆಸರು ಸ್ಲೈಪ್ನಿರ್, ಓಡಿನ್ ದೇವರ ಕುದುರೆ. ಐಸ್‌ಲ್ಯಾಂಡಿನ ಸ್ನೋರಿ ಸ್ಟುರ್ಲುಸನ್ 1220ರ ಸುಮಾರಿಗೆ ಬರೆದ ‘ಎಡ್ಡಾ’ದಲ್ಲಿ ಅದರ ಹುಟ್ಟಿನ ಕಥೆಯಿದೆ. ದೇವತೆಗಳಿಗೆ ಕೋಟೆ ಕಟ್ಟಿಕೊಡಲು ಬಂದವನ ಗಂಡುಕುದುರೆ ಕಲ್ಲು ಹೊತ್ತುಹೊತ್ತು ಕೆಲಸ ಮುಗಿಸಿಯೇಬಿಡುವಂತಾಗುತ್ತದೆ. ಒಪ್ಪಿದ ಕೂಲಿ ಕೊಡಲು ದೇವತೆಗಳಿಗೆ ಮನಸ್ಸಿಲ್ಲ. ಅವರಲ್ಲೊಬ್ಬನಾದ ಲೋಕಿ ಹೆಣ್ಣುಕುದುರೆಯಾಗಿ ಅದನ್ನು ಕಾಡಿಗೆ ಸೆಳೆಯುತ್ತಾನೆ. ಕೆಲವು ಕಾಲದ ಮೇಲೆ ತಾನೇ ಎಂಟು ಕಾಲಿನ ಮರಿಯೊಂದನ್ನು ಈಯುತ್ತಾನೆ.

ಚೆನ್ನಾದ ಕಥೆ. ಆದರೆ ಕಲ್ಲು ಕೆತ್ತಿ ಮೂರು ನಾಲ್ಕು ಶತಮಾನ ಕಳೆದ ಮೇಲೆ, ಬೇರೆ ದ್ವೀಪದಲ್ಲಿ, ಕ್ರೈಸ್ತನೊಬ್ಬ ಬರೆದದ್ದು. ಹಾಗಾಗಿ ಬೇರೆ ಮಾತುಗಳೂ ಹುಟ್ಟಿವೆ. ಕಾಲು ಇಮ್ಮಡಿಸಿದ್ದು ಓಟದ ವೇಗ ತೋರಲು ಎನ್ನುವವರಿದ್ದಾರೆ. ಇಂಗ್ಲೆಂಡಿನ ವಿದ್ವಾಂಸೆ ಹಿಲ್ಡಾ ಎಲ್ಲಿಸ್ ಡೇವಿಡ್‌ಸನ್ ಗಮನ ಸೆಳೆದದ್ದು ಚಟ್ಟದ ಕಡೆಗೆ: ನಾಲ್ವರು ಹೊತ್ತರೆ ಕಾಲು ಎಂಟು. ಇದಕ್ಕೆ ಅವರು ಕೊಟ್ಟ ಸಾಕ್ಷಿ ಯುರೋಪಿನದಲ್ಲ, ನಮ್ಮ ಬಸ್ತರಿನದು. ಅಲ್ಲಿನ ಮುರಿಯಾ ಗೊಂಡರ ನಡುವೆ ವೆರಿಯರ್ ಎಲ್ವಿನ್ ಬರೆದುಕೊಂಡ ಸಾವಿನ ಹಾಡಿನಲ್ಲಿ ಎಂಟು ಕಾಲಿನ ಕುದುರೆಯೊಂದು ಬರುತ್ತದೆ, ಅದು ಚಟ್ಟವೇ. ಗೊಂಡರಿಗೂ ಗಾಟ್ಲಂಡಿಗೂ ನಂಟು ಹುಡುಕಬೇಕಿಲ್ಲ. ಹೆಣ ಹೊತ್ತ ನಾಲ್ವರ ಹಿಂದೆ ನಡೆದು, ಅವರ ಕಾಲುಗಳನ್ನೇ ನೋಡುತ್ತ ಹೋದ ಯಾರಿಗೂ ಹೊಳೆಯಬಹುದಾದ ಚಿತ್ರ ಅದು. ಸತ್ತವರ ಕಲ್ಲಿನ ಮೇಲೆ ಸವಾರನನ್ನು ಕೂರಿಸುವಾಗ ಈ ನೆನಪು ಓಡಿನ್ನನ ಕುದುರೆಯೊಡನೆ ಬೆರೆತಿರಬಾರದೇಕೆ?

ಹನ್ನೊಂದನೇ ಶತಮಾನದಲ್ಲಿ ಕ್ರೈಸ್ತಮತ ಬೇರೂರಿದಾಗ ಪ್ರಾಣಿಗಳಿಗೆ ಹೊಸ ಚಾಕರಿ ಬಂತು. ಹಾವು ಉದ್ದವಾಗಿ ಪಟ್ಟಿಯಾಗಿ, ಮೈಮೇಲೆ ರೂನ್ ಅಕ್ಷರಗಳನ್ನು ಹೊತ್ತು ಕಲ್ಲಿನ ಅಂಚು ಸುತ್ತಿತು. ಹಳೆಯ ಕಲ್ಲುಗಳ ಗತಿ ಇನ್ನೂ ವಿಚಿತ್ರ. ದ್ವೀಪದಲ್ಲಿ ತೊಂಬತ್ತರಷ್ಟು ಚರ್ಚುಗಳು ಎದ್ದವು. ಸಿದ್ಧ ಚಪ್ಪಡಿ ಸಿಕ್ಕರೆ ಯಾರು ಬಿಡುತ್ತಾರೆ? ಹೊಸ್ತಿಲಾಯಿತು, ಗೋಡೆಯಾಯಿತು, ಹಾಸುಗಲ್ಲಾಯಿತು. ಗಾಳಿಮಳೆಗೆ ಬಿಟ್ಟಿದ್ದರೆ ಸವೆದು ಹೋಗುತ್ತಿದ್ದ ಆರ್ಡ್ರೆಯ ಕುದುರೆ ನೆಲದಡಿ ಬಿದ್ದದ್ದರಿಂದ ಬದುಕಿಕೊಂಡಿತು.

ಇನ್ನು ಬಣ್ಣದ ಮಾತು. ಕಲ್ಲಿಗೆ ಬಣ್ಣ ಹಚ್ಚಿದ್ದೇ ಅಪಚಾರ ಎನ್ನುವಂತಿಲ್ಲ, ಮೂಲದಲ್ಲೇ ಬಣ್ಣವಿತ್ತು. 1870ರಲ್ಲಿ ಬೋಗೆಯ ಪಿಲ್‌ಗಾರ್ಡ್ಸ್‌ನಲ್ಲಿ ಸಿಕ್ಕ ರೂನ್ ಕಲ್ಲಿನ ಮೇಲೆ ಅದು ಇನ್ನೂ ಉಳಿದಿತ್ತು. ತಕರಾರಿರುವುದು ಗೆರೆ ಎಲ್ಲಿ ಹೋಗುತ್ತದೆ ಎಂಬಲ್ಲಿ. ಒಮ್ಮೆ ಬಣ್ಣ ತುಂಬಿದರೆ ಅನುಮಾನದ ಗೆರೆಗೂ ಖಚಿತ ಗೆರೆಗೂ ವ್ಯತ್ಯಾಸ ಉಳಿಯುವುದಿಲ್ಲ. ಆ ಮೇಲೆ ಬಂದವರು ಕಲ್ಲನ್ನು ಬಿಟ್ಟು ಫೋಟೊ ನೋಡಿ ಪ್ರಬಂಧ ಬರೆದರು. ಜರ್ಮನಿಯ ಸಿಗ್ಮುಂಡ್ ಓರ್ಲ್ ಈ ಕಲ್ಲುಗಳನ್ನು ಮತ್ತೆ ಒಂದೊಂದಾಗಿ ಪರೀಕ್ಷಿಸಿದ್ದಾರೆ. ಕ್ಯಾಮೆರಾ ಕದಲಿಸದೆ, ದೀಪವನ್ನಷ್ಟೇ ಬೇರೆಬೇರೆ ಕೋನಕ್ಕೆ ಸರಿಸುತ್ತ ಹತ್ತಾರು ಫೋಟೊ ತೆಗೆದು ಕಂಪ್ಯೂಟರಿನಲ್ಲಿ ಒಂದುಗೂಡಿಸುವುದು ಈಗಿನ ವಿಧಾನ. ಲಿಂಡ್‌ಕ್ವಿಸ್ಟರ ಕೆಲವು ಗೆರೆಗಳು ನಿಂತಿವೆ, ಕೆಲವು ಬಿದ್ದಿವೆ, ಅವರು ಕಾಣದ ಆಕೃತಿಗಳೂ ಎದ್ದಿವೆ. ತಂತ್ರ ಹೊಸದು, ಉಪಾಯ ಅದೇ ಹಳೆಯ ದೀಪದ್ದು. ಪರದೆಯ ಮೇಲೆ ಬೆರಳು ಎಳೆದರೆ ಬೆಳಕು ಕಲ್ಲಿನ ಮೇಲೆ ಎಡದಿಂದ ಬಲಕ್ಕೆ ಸರಿಯುತ್ತದೆ. ಗೊರಸೊಂದು ಮೂಡುತ್ತದೆ, ಅದರ ಪಕ್ಕದ್ದು ಮುಳುಗುತ್ತದೆ. ಕಾಲು ಎಷ್ಟೆಂದು ಎಣಿಸಲು ಮತ್ತೆ ಮೊದಲಿನಿಂದ ಎಳೆಯಬೇಕು.