ನಾಟಾ ಹರಾಜಿನಲ್ಲಿ ಹವ್ಯಾಸಿ ಬಡಗಿ

ಕರ್ನಾಟಕದ ಕಾಡಿನಲ್ಲಿ ಬೆಳೆದ ಮರವೊಂದು ಕಾನೂನಿನ ದಾರಿಯಲ್ಲಿ ಬಡಗಿಯ ಕೈಸೇರಬೇಕಾದರೆ ಅದು ಬಹುಮಟ್ಟಿಗೆ ಅರಣ್ಯ ಇಲಾಖೆಯ ನಾಟಾ ಸಂಗ್ರಹಾಲಯವನ್ನು ಹಾದುಬರಬೇಕು. ನಾಟಾ ಎಂದರೆ ಸೌದೆಗೆ ಹೋಗದೆ ಕಟ್ಟಡಕ್ಕೂ ಪೀಠೋಪಕರಣಕ್ಕೂ ಒದಗುವ ಮರ. ಸಂಗ್ರಹಾಲಯವೆಂದರೆ ಕಾಡಿನಿಂದ ಎಳೆದು ತಂದ ದಿಮ್ಮಿಗಳನ್ನು ಅಳೆದು, ಸಂಖ್ಯೆ ಬರೆದು, ಸುತ್ತಿಗೆಯ ಮುದ್ರೆ ಒತ್ತಿ, ಜಾತಿ ಮತ್ತು ಗಾತ್ರಕ್ಕೆ ತಕ್ಕಂತೆ ಲಾಟುಗಳಾಗಿ ಪೇರಿಸಿಡುವ ವಿಶಾಲವಾದ ಅಂಗಳ. ದಾಂಡೇಲಿ, ಯಲ್ಲಾಪುರ ತಾಲ್ಲೂಕಿನ ಕಿರವತ್ತಿ, ಕುಶಾಲನಗರದ ಬಳಿಯ ಆನೆಕಾಡು ಮುಂತಾದ ಕಡೆಗಳಲ್ಲಿರುವ ಇಂತಹ ಅಂಗಳಗಳ ಹರಾಜಿನಲ್ಲಿ ಭಾಗವಹಿಸುವವರಲ್ಲಿ ಬಹುಪಾಲು ಜನ ಸಾಮಿಲ್ ಮಾಲೀಕರು ಮತ್ತು ಮರದ ವ್ಯಾಪಾರಿಗಳು. ಬಿಡುವಿನ ವೇಳೆಯಲ್ಲಿ ಮನೆಯ ಮೂಲೆಯೊಂದರಲ್ಲಿ ಉಳಿ, ಕೀಸುಳಿ ಹಿಡಿದು ಕುರ್ಚಿ, ಪೆಟ್ಟಿಗೆ, ಮೇಜು ಮಾಡಿಕೊಳ್ಳುವ ಹವ್ಯಾಸಿ ಬಡಗಿಗೂ ಈ ಅಂಗಳ ಮುಚ್ಚಿದ ಬಾಗಿಲೇನಲ್ಲ. ಆದರೆ ಅಲ್ಲಿ ಅವನು ವ್ಯಾಪಾರಿಯ ಆಟವನ್ನು ಆಡಲು ಹೋದರೆ ಸೋಲುವುದು ಬಹುತೇಕ ಖಚಿತ, ತನ್ನದೇ ಆದ ಬೇರೆ ಉದ್ದೇಶವನ್ನಿಟ್ಟುಕೊಂಡು ಹೋದರೆ ಯಾವ ಅಂಗಡಿಯಲ್ಲೂ ದೊರೆಯದ ಮರ ಅವನಿಗೆ ದೊರೆಯುತ್ತದೆ.

ಹರಾಜಿಗೆ ಬರುವ ಮರ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ತಿಳಿದರೆ ಲಾಟುಗಳ ಸ್ವರೂಪ ತಾನಾಗಿ ಅರ್ಥವಾಗುತ್ತದೆ. ಗೋದಾವರ್ಮನ್ ತಿರುಮುಲ್ಪಾಡ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರ ಡಿಸೆಂಬರ್ 12ರಂದು ನೀಡಿದ ಆದೇಶದ ನಂತರ, ಕೇಂದ್ರ ಸರ್ಕಾರ ಒಪ್ಪಿದ ಕಾರ್ಯಯೋಜನೆಗೆ ಅನುಸಾರವಾಗಿ ಅಲ್ಲದೆ ದೇಶದ ಯಾವ ಕಾಡಿನಲ್ಲೂ ಮರ ಕಡಿಯುವಂತಿಲ್ಲ. ಹೀಗಾಗಿ ಇಂದು ಸಂಗ್ರಹಾಲಯಗಳಿಗೆ ಬರುವುದರಲ್ಲಿ ಹೆಚ್ಚಿನದು ನೆಡುತೋಪುಗಳ ತೇಗ, ಅದರಲ್ಲಿಯೂ ಉಳಿದ ಮರಗಳಿಗೆ ಬೆಳಕು ಮತ್ತು ಜಾಗ ಸಿಗಲೆಂದು ನಡುನಡುವೆ ಕಡಿದು ತೆಗೆದ ಎಳೆಯ ಮರಗಳು. ಜೊತೆಗೆ ಗಾಳಿ ಮಳೆಗೆ ಉರುಳಿದ ಅಥವಾ ನಿಂತಲ್ಲೇ ಸತ್ತ ಕಾಡುಮರಗಳು, ರಸ್ತೆ ಮತ್ತು ವಿದ್ಯುತ್ ಮಾರ್ಗಗಳಿಗಾಗಿ ತೆರವಾದವು, ಕಳ್ಳಸಾಗಣೆಯಲ್ಲಿ ಹಿಡಿದು ಜಪ್ತಿ ಮಾಡಿದವು. ತೇಗದ ಲಾಟುಗಳು ಗಾತ್ರದಲ್ಲಿ ಒಂದೇ ತೆರನಾಗಿ ಕಾಣುವುದಕ್ಕೂ, ಮತ್ತಿ, ಹೊನ್ನೆ, ನಂದಿಯಂತಹ ಕಾಡುಜಾತಿಯ ಲಾಟುಗಳಲ್ಲಿ ಒಂದು ದಿಮ್ಮಿ ಭಾರಿಯಾಗಿದ್ದು ಪಕ್ಕದ್ದು ಪೊಟರೆಯಾಗಿರುವುದಕ್ಕೂ ಕಾರಣ ಇದೇ.

ಹಿಂದೆ ಹರಾಜುದಾರನು ಲಾಟಿನಿಂದ ಲಾಟಿಗೆ ನಡೆಯುತ್ತ ಬೆಲೆ ಕೂಗಿದಂತೆ ಕೊಳ್ಳುವವರ ಗುಂಪು ಅವನ ಹಿಂದೆ ಸಾಗುತ್ತಿತ್ತು. ಈಗ ಬೆಲೆಯೇರಿಕೆ ಹೆಚ್ಚಾಗಿ ಇ-ಹರಾಜಿನ ಮೂಲಕ ಗಣಕದ ಪರದೆಯ ಮೇಲೆ ನಡೆಯುತ್ತದೆ: ಮೊದಲೇ ಹೆಸರು ನೋಂದಾಯಿಸಿ, ಮುಂಗಡ ಠೇವಣಿ ಕಟ್ಟಿ, ಇಲಾಖೆ ನಿಗದಿಪಡಿಸಿದ ಕನಿಷ್ಠ ಬೆಲೆಯಿಂದ ಮೇಲಕ್ಕೆ ಏರಿಸುತ್ತ ಹೋಗಬೇಕು, ಕೊನೆಯ ನಿಮಿಷಗಳಲ್ಲಿ ಯಾರಾದರೂ ಬೆಲೆ ಏರಿಸಿದರೆ ಅವಧಿ ಮುಂದಕ್ಕೆ ಸರಿಯುವ ಏರ್ಪಾಡೂ ಸಾಮಾನ್ಯವಾಗಿ ಇರುತ್ತದೆ. ಪರದೆಯಿಂದ ದೊರೆತ ಅನುಕೂಲ ದೊಡ್ಡದು, ಏಕೆಂದರೆ ಗುಂಪುಗಟ್ಟಿ ನಿಂತ ವ್ಯಾಪಾರಿಗಳ ನಡುವೆ ಹೊಸಬನೊಬ್ಬ ಬಾಯಿ ತೆರೆಯಲು ಅಳುಕಬೇಕಾಗಿಲ್ಲ. ಆದರೆ ಮಾರಾಟದ ಷರತ್ತು ಮಾತ್ರ ಹಳೆಯದೇ: ಮಾಲು ಇದ್ದಲ್ಲಿ ಇದ್ದಂತೆ. ಕೊಂಡ ಮೇಲೆ ಒಳಗೆ ಕೊಳೆತಿತ್ತೆಂದು ದೂರಿದರೆ ಹಣ ಹಿಂದಿರುಗುವುದಿಲ್ಲ. ಆದ್ದರಿಂದ ಪಟ್ಟಿಯಲ್ಲಿರುವ ಅಂಕಿಗಳನ್ನಷ್ಟೇ ನಂಬಿ ಬೆಲೆ ಕೂಗುವುದು ಸಲ್ಲದು. ಹರಾಜಿಗೆ ಮುಂಚೆ ನೋಡಲು ಬಿಡುವ ದಿನಗಳಲ್ಲಿ ಅಂಗಳಕ್ಕೆ ಹೋಗಿ, ಅಳತೆಪಟ್ಟಿ ಹಿಡಿದು ಪ್ರತಿಯೊಂದು ದಿಮ್ಮಿಯನ್ನೂ ಸುತ್ತಿ ನೋಡಲೇಬೇಕು.

ಅಳತೆಯ ಲೆಕ್ಕದಲ್ಲಿ ಹೊಸಬರು ತಿಳಿಯಬೇಕಾದ ಒಂದು ಸೂಕ್ಷ್ಮವಿದೆ. ಭಾರತದ ಮರದ ವ್ಯವಹಾರದಲ್ಲಿ ದಿಮ್ಮಿಯ ಘನಗಾತ್ರವನ್ನು ಕಾಲುಸುತ್ತಳತೆಯ ಸೂತ್ರದಿಂದ ತೆಗೆಯುವ ರೂಢಿಯಿದೆ: ದಿಮ್ಮಿಯ ನಡುಭಾಗದ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ವರ್ಗಮಾಡಿ, ಉದ್ದದಿಂದ ಗುಣಿಸುವುದು. ಮೂರು ಮೀಟರ್ ಉದ್ದದ, 120 ಸೆಂಟಿಮೀಟರ್ ಸುತ್ತಳತೆಯ ದಿಮ್ಮಿ ಈ ಸೂತ್ರದಂತೆ 0.27 ಘನ ಮೀಟರ್, ಅಂದರೆ ಸುಮಾರು 9.5 ಘನ ಅಡಿ. ಅದೇ ದಿಮ್ಮಿಯನ್ನು ನಿಜವಾದ ಉರುಳೆಯೆಂದು ಲೆಕ್ಕಹಾಕಿದರೆ 0.34 ಘನ ಮೀಟರ್ ಬರುತ್ತದೆ. ಸೂತ್ರವು ನಿಜವಾದ ಗಾತ್ರದ ನೂರಕ್ಕೆ 78.5ರಷ್ಟನ್ನು ಮಾತ್ರ ತೋರಿಸುವುದು ಕೊಯ್ಯುವಾಗ ಹೋಗುವ ಸಿಪ್ಪೆಪಾಲಿಗೆ ಕೊಟ್ಟ ಒಂದು ರಿಯಾಯಿತಿ ಎಂದು ತಿಳಿಯಬಹುದು. ಆದರೂ ಆ ರಿಯಾಯಿತಿ ಸಾಕಾಗುವುದಿಲ್ಲ. ದುಂಡು ಮರದಿಂದ ಹಲಗೆ ತೆಗೆದಾಗ ನಿಜವಾದ ಗಾತ್ರದ ಅರ್ಧದಿಂದ ನೂರಕ್ಕೆ ಅರವತ್ತರವರೆಗೆ ದಕ್ಕಿದರೆ ಒಳ್ಳೆಯ ಕೊಯ್ತವೆಂದೇ ಹೇಳಬೇಕು. ನೂರಕ್ಕೆ 55ರಂತೆ ಹಿಡಿದರೆ ಮೇಲಿನ ದಿಮ್ಮಿಯಿಂದ ಸಿಗುವುದು ಸುಮಾರು 6.7 ಘನ ಅಡಿ. ಒಂಬತ್ತೂವರೆ ಘನ ಅಡಿಗೆ ಹಣ ಕೊಟ್ಟು ಏಳಕ್ಕೂ ಕಡಿಮೆ ಅಡಿಯ ಹಲಗೆ ಪಡೆದಾಗ, ತೆರಿಗೆ, ಸಾಗಣೆ, ಕೊಯ್ತದ ಕೂಲಿಗಳನ್ನು ಸೇರಿಸುವ ಮೊದಲೇ ಘನ ಅಡಿಯೊಂದರ ಬೆಲೆ ಹರಾಜಿನ ಬೆಲೆಗಿಂತ ನೂರಕ್ಕೆ ನಲವತ್ತಕ್ಕೂ ಹೆಚ್ಚು ಏರಿರುತ್ತದೆ.

ಇಷ್ಟರ ಮೇಲೆ ಚೇಗಿನ ಪ್ರಶ್ನೆಯೂ ಇದೆ. ಮರದ ಒಳಗಿನ, ಬಣ್ಣಗಟ್ಟಿದ, ಬಾಳಿಕೆಯ ಭಾಗವೇ ಚೇಗು. ಅದರ ಸುತ್ತ ಬೇರಿನಿಂದ ನೀರನ್ನು ಮೇಲಕ್ಕೆ ಸಾಗಿಸುವ ಬಿಳಿಯ ಪದರಕ್ಕೆ ರಸಕಾಷ್ಠವೆಂದು ಹೆಸರು. ತೇಗಕ್ಕೆ ಗೆದ್ದಲು ಹತ್ತುವುದಿಲ್ಲವೆಂಬ ಮಾತು ಹೆಚ್ಚಾಗಿ ಚೇಗಿಗೆ ಸಲ್ಲುವಂಥದ್ದು, ತೇಗದ ರಸಕಾಷ್ಠಕ್ಕೆ ಹುಳುವೂ ಹತ್ತುತ್ತದೆ, ಕೊಳೆಯೂ ಹತ್ತುತ್ತದೆ. ಮೂರು ಸೆಂಟಿಮೀಟರ್ ದಪ್ಪದ ಬಿಳಿ ಪದರವು 120 ಸೆಂಟಿಮೀಟರ್ ಸುತ್ತಳತೆಯ ದಿಮ್ಮಿಯಲ್ಲಿ ನೂರಕ್ಕೆ ಮೂವತ್ತರಷ್ಟು ಜಾಗವನ್ನು ತಿನ್ನುತ್ತದೆ. ಅದೇ ಪದರ 60 ಸೆಂಟಿಮೀಟರ್ ಸುತ್ತಳತೆಯ ಎಳೆಯ ದಿಮ್ಮಿಯಲ್ಲಿ ಅರ್ಧಕ್ಕಿಂತ ಹೆಚ್ಚು. ಸಣ್ಣ ತೇಗದ ಲಾಟು ಘನ ಅಡಿಯ ಲೆಕ್ಕದಲ್ಲಿ ಅಗ್ಗವಾಗಿ ಕಾಣುವುದರ ಹಿಂದಿನ ಗುಟ್ಟು ಬಹಳಮಟ್ಟಿಗೆ ಇದರಲ್ಲೇ ಅಡಗಿದೆ.

ದಿಮ್ಮಿಯ ಒಳಗನ್ನು ಹೊರಗಿನಿಂದ ಓದುವ ವಿದ್ಯೆಗೆ ಅದರ ಎರಡು ತುದಿಗಳೇ ಮುಖ್ಯ ಪುಟಗಳು. ವಾರ್ಷಿಕ ಬಳೆಗಳ ನಡುಬಿಂದು ದಿಮ್ಮಿಯ ನಡುವಿನಲ್ಲೇ ಇದ್ದರೆ ಮರ ನೆಟ್ಟಗೆ ಬೆಳೆದಿದೆ. ಒಂದು ಬದಿಗೆ ಸರಿದಿದ್ದರೆ ಇಳಿಜಾರಿನಲ್ಲೋ ಬಾಗಿಯೋ ಬೆಳೆದ ಮರವಾಗಿರುವ ಸಂಭವ ಹೆಚ್ಚು, ಅಂಥದ್ದರೊಳಗೆ ಬಿಗಿತ ಸೇರಿಕೊಂಡಿದ್ದು ಗರಗಸ ಹಾಕಿದೊಡನೆ ಹಲಗೆ ಬಿಲ್ಲಾಗುತ್ತದೆ. ನಡುವಿನಿಂದ ಅಂಚಿಗೆ ಚಾಚಿದ ಬಿರುಕು ಒಣಗುವಾಗ ಸಹಜವಾಗಿ ಬರುವಂಥದ್ದು, ತುದಿಯ ಒಂದಷ್ಟು ಭಾಗವನ್ನು ಕತ್ತರಿಸಿದರೆ ಮುಗಿಯಿತು. ಬಳೆಯ ಗುಂಟ ವೃತ್ತಾಕಾರವಾಗಿ ಸಾಗುವ ಬಿರುಕು ಹಾಗಲ್ಲ, ಅದು ದಿಮ್ಮಿಯ ಉದ್ದಕ್ಕೂ ಒಳಗೆ ಹರಿದಿರಬಹುದು. ತೊಗಟೆಯ ಮೇಲಿನ ಗೆರೆಗಳು ಸುರುಳಿಯಾಗಿ ಏರಿದ್ದರೆ ಒಳಗಿನ ಎಳೆಯೂ ತಿರುಚಿಕೊಂಡಿರುತ್ತದೆ. ಬುಡದಲ್ಲಿ ಚೇಗು ಮಂಕಾಗಿ ಮೆತ್ತಗಾಗಿದ್ದರೆ ಕೊಳೆ ಎಲ್ಲಿಯವರೆಗೆ ಏರಿದೆಯೆಂಬುದನ್ನು ತುದಿಯನ್ನೂ ನೋಡಿ ಅಂದಾಜು ಮಾಡಬೇಕು. ಅನುಭವಿಗಳು ಸುತ್ತಿಗೆಯಿಂದ ಬಡಿದು ಆಲಿಸುವುದೂ ಉಂಟು, ಪೊಳ್ಳಾದಲ್ಲಿ ಸದ್ದು ಬದಲಾಗುತ್ತದೆ.

ಇಷ್ಟು ಎಚ್ಚರ ವಹಿಸಿದರೂ ಹರಾಜಿನ ಸ್ವಭಾವದಲ್ಲೇ ಇರುವ ಅಪಾಯವೊಂದು ಉಳಿಯುತ್ತದೆ, ಅರ್ಥಶಾಸ್ತ್ರಜ್ಞರು ಅದನ್ನು ಗೆದ್ದವನ ಶಾಪ ಎನ್ನುತ್ತಾರೆ. ಒಂದು ಲಾಟಿನ ಬೆಲೆಯನ್ನು ಹತ್ತು ಜನ ಅಂದಾಜು ಮಾಡಿದಾಗ ಕೆಲವರು ಕಡಿಮೆ, ಕೆಲವರು ಹೆಚ್ಚು ಎಣಿಸಿರುತ್ತಾರೆ. ಹರಾಜು ಒಲಿಯುವುದು ಎಲ್ಲರಿಗಿಂತ ಹೆಚ್ಚು ಎಣಿಸಿದವನಿಗೆ, ಅಂದರೆ ಅತಿಯಾಗಿ ಎಣಿಸಿರುವ ಸಾಧ್ಯತೆ ಯಾರಿಗೆ ಹೆಚ್ಚೋ ಅವನಿಗೇ. ವರ್ಷಕ್ಕೆ ನೂರಾರು ದಿಮ್ಮಿ ಕೊಳ್ಳುವ ವ್ಯಾಪಾರಿಗೆ ಒಂದರ ನಷ್ಟ ಇನ್ನೊಂದರ ಲಾಭದಲ್ಲಿ ತೀರಿಹೋಗುತ್ತದೆ. ಒಂದೇ ಲಾಟು ಕೊಳ್ಳುವ ಹವ್ಯಾಸಿಗೆ ಆ ಸರಾಸರಿಯ ಆಸರೆಯಿಲ್ಲ. ಗರಿಷ್ಠ ಬೆಲೆಯನ್ನು ಅಂಗಳದಲ್ಲಿ ದಿಮ್ಮಿ ಮುಟ್ಟಿ ನೋಡಿದ ದಿನವೇ ಕಾಗದದ ಮೇಲೆ ಬರೆದು, ಹರಾಜಿನ ಬಿಸಿಯಲ್ಲಿ ಅದನ್ನು ದಾಟದಿರುವುದೊಂದೇ ಇದಕ್ಕೆ ಮದ್ದು. ಮೂರು ನಾಲ್ಕು ಜನ ಹವ್ಯಾಸಿಗಳು ಸೇರಿ ಲಾಟನ್ನು ಕೊಂಡು ಹಂಚಿಕೊಂಡರೆ ನಷ್ಟವೂ ಹಂಚಿಹೋಗುತ್ತದೆ, ಲಾರಿಯ ಬಾಡಿಗೆಯೂ ಹಗುರಾಗುತ್ತದೆ.

ಹೀಗೆ ನೋಡಿದಾಗ ಅಗ್ಗದ ತೇಗಕ್ಕಾಗಿ ಹರಾಜಿಗೆ ಹೋಗುವುದರಲ್ಲಿ ಹವ್ಯಾಸಿಗೆ ಹೆಚ್ಚಿನ ಅರ್ಥವಿಲ್ಲ, ಏಕೆಂದರೆ ತೇಗದ ಬೆಲೆ ಎಲ್ಲ ವ್ಯಾಪಾರಿಗಳಿಗೂ ಬಾಯಿಪಾಠ, ಪೈಪೋಟಿಯೂ ಅಲ್ಲಿಯೇ ತೀವ್ರ. ಅವನ ನಿಜವಾದ ಅವಕಾಶವಿರುವುದು ಇಲಾಖೆಯ ಪಟ್ಟಿಯಲ್ಲಿ ತೇಗದ ಕೆಳಗೆ ಬರುವ ಕಾಡುಜಾತಿಗಳಲ್ಲಿ. ಮತ್ತಿಯ ಚೇಗು ಕಡುಕಂದು, ಅದರ ಮೇಲೆ ಕಪ್ಪು ಗೆರೆಗಳ ಹರಿವು. ಭಾರವಾದ, ಹತಾರಗಳ ಅಲಗನ್ನು ಬೇಗ ಮೊಂಡು ಮಾಡುವ, ಒಣಗುವಾಗ ಸೀಳಲು ಹವಣಿಸುವ ಮರವಿದು, ಆದರೆ ನಿಧಾನವಾಗಿ ಹದಗೊಳಿಸಿ ಮೇಜಿನ ಹಲಗೆ ಮಾಡಿದರೆ ಬೀಟೆಯ ಪಕ್ಕದಲ್ಲಿಡಲು ನಾಚಬೇಕಿಲ್ಲ. ಹಳ್ಳಿಮನೆಗಳ ಬಾಗಿಲು, ತೊಲೆಗಳಲ್ಲಿ ತಲೆಮಾರುಗಳಿಂದ ಬಾಳಿದ ಹೊನ್ನೆ ಹಳದಿಗಂದು ಬಣ್ಣದ ಗಟ್ಟಿಮರ. ಅದರ ಬಟ್ಟಲಿನಲ್ಲಿಟ್ಟ ನೀರು ಬೆಳಕಿನಲ್ಲಿ ನೀಲಿಯಾಗಿ ಹೊಳೆಯುವುದನ್ನು ಕಂಡವರು ಅದನ್ನು ಮರೆಯಲಾರರು. ನಂದಿ ಮತ್ತಿಗಿಂತ ಹಗುರಾಗಿದ್ದು ಉಳಿಗೆ ಸುಲಭವಾಗಿ ಒಲಿಯುವುದರಿಂದ ಮೊದಲ ಕೊಳ್ಳುವಿಕೆಗೆ ತಕ್ಕದ್ದು. ಅರಿಸಿನ ತೇಗವೆಂದೂ ಕರೆಸಿಕೊಳ್ಳುವ ಹೆದ್ದಿಯ ನುಣುಪಾದ ಎಳೆ ಕೆತ್ತನೆಗೂ ಕಡೆತಕ್ಕೂ ಹೇಳಿಮಾಡಿಸಿದಂತಿದೆ. ಕಟ್ಟಡದ ಚೌಕಟ್ಟಿಗಷ್ಟೇ ಎಂದು ವ್ಯಾಪಾರಿ ಬೆಲೆ ಕಟ್ಟುವ ಇಂಥ ದಿಮ್ಮಿಯಲ್ಲಿ ಎರಡು ಒಳ್ಳೆಯ ಹಲಗೆ ಕಂಡರೂ ಸಾಕೆನ್ನುವ ಕೊಳ್ಳುಗ ಹವ್ಯಾಸಿಯೊಬ್ಬನೇ; ಈ ಮರಗಳ ಅಂದವನ್ನು ಕನ್ನಡನಾಡಿನ ಮನೆಗಳು ಮರೆಯುತ್ತಿರುವಾಗ ಅವನ ಆಯ್ಕೆಗೆ ತೂಕವೂ ಇದೆ. ಜಾತಿಯ ಬಗ್ಗೆ ಸಂದೇಹವಿದ್ದರೆ, 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಆರಂಭಗೊಂಡು ಈಗ ಮಲ್ಲೇಶ್ವರದಲ್ಲಿರುವ ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರದ ತುಂಡನ್ನು ಪರೀಕ್ಷಿಸಿ ಗುರುತಿಸಿಕೊಡುವ ಸೌಲಭ್ಯವಿದೆ.

ಹರಾಜು ಒಲಿದ ಮೇಲಿನ ಕ್ರಮ ಕಟ್ಟುನಿಟ್ಟಾದದ್ದು. ಮೇಲಧಿಕಾರಿಗಳು ಬೆಲೆಯನ್ನು ಒಪ್ಪಿದ ನಂತರ ಉಳಿದ ಹಣವನ್ನೂ ತೆರಿಗೆಗಳನ್ನೂ ಗಡುವಿನೊಳಗೆ ಕಟ್ಟಬೇಕು, ಗಡುವು ಮೀರಿ ಮಾಲನ್ನು ಅಂಗಳದಲ್ಲೇ ಬಿಟ್ಟರೆ ನೆಲಬಾಡಿಗೆ ಬೀಳುತ್ತದೆ. ದಿಮ್ಮಿ ರಸ್ತೆಗಿಳಿಯಬೇಕಾದರೆ ಅದರ ಸಂಖ್ಯೆ, ಅಳತೆ, ಹೋಗುವ ಊರು, ವಾಹನದ ವಿವರಗಳಿರುವ ರಹದಾರಿ ಪತ್ರ ಕೈಯಲ್ಲಿರಬೇಕು. ಕೊಯ್ಯಿಸುವುದೂ ಪರವಾನಗಿ ಪಡೆದ ಸಾಮಿಲ್‌ನಲ್ಲಿಯೇ ಆಗಬೇಕು. ಮುದ್ರೆಯಿರುವ ತುದಿ ಹಲಗೆಯಾದೊಡನೆ ಕಾಣೆಯಾಗುವುದರಿಂದ, ಹರಾಜಿನ ರಸೀದಿ, ರಹದಾರಿ, ಕೊಯ್ತದ ಚೀಟಿಗಳನ್ನು ಒಟ್ಟಿಗೆ ಕಾಪಾಡುವುದು ಅಗತ್ಯ. ಬೀಟೆಯಂತಹ ಬೆಲೆಬಾಳುವ ಮರವಾದರೆ ಆ ಕಾಗದಗಳೇ ಮಾಲೀಕತ್ವದ ಆಧಾರ. ತೂಕವನ್ನೂ ಮೊದಲೇ ಎಣಿಸಿಕೊಂಡಿರಬೇಕು: ಮೇಲೆ ಲೆಕ್ಕಹಾಕಿದ ದಿಮ್ಮಿ ಹಸಿಯಾಗಿದ್ದಾಗ 300 ಕಿಲೋ ಆಸುಪಾಸಿನದು, ಇಬ್ಬರು ಎತ್ತಿ ಇಳಿಸುವ ಮಾತಲ್ಲ.

ಕೊಯ್ಯಿಸುವಾಗ ಬೇಕಾದ ದಪ್ಪಕ್ಕಿಂತ ಸ್ವಲ್ಪ ಹೆಚ್ಚೇ ಇಡಿಸಬೇಕು, ಏಕೆಂದರೆ ಮರ ಒಣಗುತ್ತ ಕುಗ್ಗುತ್ತದೆ, ಅದೂ ಎಲ್ಲ ದಿಕ್ಕಿನಲ್ಲಿ ಒಂದೇ ಸಮನಾಗಿ ಅಲ್ಲ: ಬಳೆಯ ಗುಂಟ ಕುಗ್ಗುವುದು ಬಳೆಗೆ ಅಡ್ಡಲಾಗಿ ಕುಗ್ಗುವುದರ ಸುಮಾರು ಎರಡು ಪಟ್ಟು. ಹಲಗೆ ಡೊಂಕಾಗುವುದಕ್ಕೆ ಮುಖ್ಯ ಕಾರಣ ಈ ಅಸಮತೆ. ತೇವ ನೂರಕ್ಕೆ ಮೂವತ್ತರ ಸುತ್ತ ಇಳಿಯುವವರೆಗೆ ಮರದ ಕೋಶಗಳ ಪೊಳ್ಳಿನಲ್ಲಿರುವ ನೀರು ಮಾತ್ರ ಹೋಗುವುದರಿಂದ ಕುಗ್ಗುವಿಕೆ ಆರಂಭವಾಗುವುದಿಲ್ಲ. ಅದರ ಕೆಳಗೆ ಕೋಶಗಳ ಗೋಡೆಯ ನೀರು ಹೊರಟಾಗಲೇ ಮರ ಅಲುಗಾಡತೊಡಗುತ್ತದೆ. ತುದಿಗಳಿಗೆ ಬಣ್ಣವನ್ನೋ ಮೇಣವನ್ನೋ ಬಳಿದು, ನೆಲದಿಂದ ಮೇಲೆ, ನೆರಳಿನಲ್ಲಿ, ಹಲಗೆ ಹಲಗೆಗಳ ನಡುವೆ ಒಂದೇ ದಪ್ಪದ ಒಣಪಟ್ಟಿಗಳನ್ನು ಒಂದರ ಮೇಲೊಂದು ನೇರವಾಗಿ ಬರುವಂತೆ ಇಟ್ಟು, ಮೇಲೆ ಭಾರ ಹೇರಿ ಗಾಳಿಯಾಡಲು ಬಿಡುವುದೇ ಹಳೆಯ, ಇಂದಿಗೂ ನಂಬಬಹುದಾದ ವಿಧಾನ. ರಸಕಾಷ್ಠ ಉಳಿದ ಹಲಗೆಗಳಿಗೆ ಹಸಿಯಾಗಿರುವಾಗಲೇ ಬೋರಿಕ್ ಆಮ್ಲ ಮತ್ತು ಬೋರಾಕ್ಸ್ ಕಲಸಿದ ನೀರನ್ನು ಹಚ್ಚಿದರೆ ಹುಡಿಹುಳುವಿನ ಕಾಟ ತಗ್ಗುತ್ತದೆ. ಅಂಗುಲ ದಪ್ಪಕ್ಕೆ ಒಂದು ವರ್ಷವೆಂಬ ಲೆಕ್ಕ ಸ್ಥೂಲವಾದದ್ದು. ತೇಗಕ್ಕೆ ಕಡಿಮೆ ಸಾಕು, ಮತ್ತಿಗೆ ಹೆಚ್ಚೇ ಬೇಕಾದೀತು. ಮಾದರಿ ಹಲಗೆಯೊಂದನ್ನು ಗುರುತು ಮಾಡಿ ತಿಂಗಳಿಗೊಮ್ಮೆ ತೂಗುತ್ತ ಬಂದರೆ, ತೂಕ ಇಳಿಯುವುದು ನಿಂತಾಗ ಅದು ಸುತ್ತಲಿನ ಗಾಳಿಯ ತೇವದೊಡನೆ ಸಮವಾಗಿದೆಯೆಂದು ತಿಳಿಯುತ್ತದೆ. ಆ ಸಮತೋಲ ಊರಿಂದೂರಿಗೆ ಬೇರೆ: ಮಳೆಗಾಲದ ಕರಾವಳಿಯಲ್ಲಿ ಒಣಗಿತೆಂದು ತೋರಿದ ಹಲಗೆ ಬಯಲುಸೀಮೆಯ ಬೇಸಿಗೆಯಲ್ಲಿ ಮತ್ತೆ ಕುಗ್ಗುತ್ತದೆ. ಆದ್ದರಿಂದ ಯಾವ ಊರಿನ ಮನೆಯಲ್ಲಿ ಮೇಜು ನಿಲ್ಲಬೇಕೋ ಅದೇ ಊರಿನಲ್ಲಿ ಹಲಗೆಗಳನ್ನು ಕೆಲವು ವಾರಗಳಾದರೂ ಇಟ್ಟು, ಅನಂತರವೇ ಕಟ್ಟುಗಳನ್ನು ಗುರುತು ಹಾಕಿ ಕೊರೆಯಬೇಕು.