ಎರಡು ನಿಮಿಷದ ನಿಲುಗಡೆ

ವಾಡಿ ಜಂಕ್ಷನ್ನಿನ ಬೇವಿನ ಮರ ಹಸಿರಾಗಿ ಕಾಣಬೇಕೆಂದರೆ ಒಂದು ಜೋರು ಮಳೆ ಬೀಳಬೇಕು. ಉಳಿದ ದಿನಗಳಲ್ಲಿ ಅದರ ಎಲೆಗಳ ಮೇಲೆ ಸಿಮೆಂಟಿನ ಪುಡಿ ತೆಳ್ಳಗೆ ಕೂತಿರುತ್ತದೆ. ಅದರ ಕೆಳಗೆ ಗಾಡಿಗೆ ಕಾಯುತ್ತ ಕೂತವರಲ್ಲಿ ಪಾಳಿ ಮುಗಿಸಿ ಬಂದ ಕಾರ್ಮಿಕನಿದ್ದಾನೆ, ಸೊಲ್ಲಾಪುರದ ದವಾಖಾನೆಗೆ ಎಕ್ಸ್‌ರೇ ಲಕೋಟೆ ಹಿಡಿದು ಹೊರಟ ಮುದುಕಿಯಿದ್ದಾಳೆ, ಬುತ್ತಿಯ ಗಂಟಿನಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಮುಂಬೈಗೆ ದುಡಿಯಲು ಹೊರಟ ಗಂಡ-ಹೆಂಡತಿ ಇದ್ದಾರೆ. 1874ರಲ್ಲಿ ನಿಜಾಮರ ರೈಲು ಇಲ್ಲಿಂದ ಸಿಕಂದರಾಬಾದಿಗೆ ಹೊರಟಾಗಿನಿಂದ ವಾಡಿ ಒಂದು ಕವಲು. ಒಂದು ಹಳಿ ಮುಂಬೈಗೆ, ಒಂದು ಚೆನ್ನೈ ಕಡೆಗೆ, ಇನ್ನೊಂದು ಚಿತ್ತಾಪುರ, ಸೇಡಂ ಹಾದು ಹೈದರಾಬಾದಿಗೆ. ನೂರೈವತ್ತು ವರ್ಷಗಳಿಂದ ಗಾಡಿಗಳಿಗೇನೂ ಕೊರತೆಯಿಲ್ಲ. ಕೊರತೆ ಇರುವುದು ಬ್ರೇಕಿಗೆ.

"ಗಾಡಿ ಬರತಾವ್ರಿ, ನಿಲ್ಲಂಗಿಲ್ಲ." ಶಹಾಬಾದಿನಿಂದ ಸೇಡಂವರೆಗೆ ಯಾವ ಚಹಾದಂಗಡಿಯಲ್ಲಿ ಕೂತರೂ ಈ ಮಾತು ಕಿವಿಗೆ ಬೀಳುತ್ತದೆ. 2024ರ ಮಾರ್ಚಿನಲ್ಲಿ ಕಲಬುರಗಿಯಿಂದ ಬೆಂಗಳೂರಿಗೆ ವಂದೇ ಭಾರತ್ ಹೊರಟಾಗ ಅದರ ಮುಂದಿನ ನಿಲ್ದಾಣ ರಾಯಚೂರು. ನಡುವೆ ಶಹಾಬಾದ್, ವಾಡಿ, ಯಾದಗಿರಿಯ ಜನ ಹೊಸ ಬಿಳಿ ಗಾಡಿಯನ್ನು ಮೊಬೈಲಿನಲ್ಲಿ ಹಿಡಿದುಕೊಂಡರು. ಮರುದಿನದಿಂದಲೇ ಅರ್ಜಿಗಳು ತಯಾರಾದವು.

ಆ ಅರ್ಜಿಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಬಸ್‌ಸ್ಟ್ಯಾಂಡಿನ ಪಕ್ಕದ ಝೆರಾಕ್ಸ್ ಅಂಗಡಿಯಲ್ಲಿ ಟೈಪಾದ ಒಂದು ಹಾಳೆ. ಮೇಲೆ "ಮಾನ್ಯ ಲೋಕಸಭಾ ಸದಸ್ಯರು, ಕಲಬುರಗಿ ಇವರ ಸನ್ನಿಧಿಗೆ". "ವಿಷಯ"ದ ಕೆಳಗೆ ಅಡ್ಡಗೆರೆ. ಗಾಡಿಯ ಹೆಸರು, ನಂಬರು, ಎರಡು ನಿಮಿಷದ ನಿಲುಗಡೆಯ ವಿನಂತಿ. ಕೆಳಗೆ ವರ್ತಕರ ಸಂಘದ ಗುಂಡು ಮೊಹರು, ಹೋರಾಟ ಸಮಿತಿಯ ಉದ್ದ ಮೊಹರು, ಆಮೇಲೆ ಸಹಿಗಳು: ಕನ್ನಡದಲ್ಲಿ, ಉರ್ದುವಿನಲ್ಲಿ, ಕೊನೆಗೆ ನಾಲ್ಕಾರು ನೀಲಿ ಹೆಬ್ಬೆಟ್ಟು. ಮದುವೆಯ ಮಂಟಪದಲ್ಲೋ ಜಾತ್ರೆಯ ವೇದಿಕೆಯಲ್ಲೋ ಎಂ.ಪಿ. ಸಾಹೇಬರಿಗೆ ಶಾಲು ಹೊದಿಸಿ, ಹಾರ ಹಾಕಿ, ಫೋಟೊ ಹೊಡೆಸಿಕೊಳ್ಳುವ ಹೊತ್ತಿನಲ್ಲೇ ಅದನ್ನು ಕೈಗಿಡುತ್ತಾರೆ. "ಬ್ಯಾರೆ ಏನೂ ಬ್ಯಾಡ್ರಿ ಸಾಹೇಬ್ರ, ಎರಡ ನಿಮಿಷ ನಿಲ್ಲಸ್ರಿ ಸಾಕು." ಸಾಹೇಬರು ತಲೆಯಾಡಿಸಿ ಹಿಂದಿದ್ದ ಪಿ.ಎ. ಕೈಗೆ ದಾಟಿಸುತ್ತಾರೆ. ಪಿ.ಎ. ಅದನ್ನು ಹಾರದ ಹೂವಿನ ಎಸಳುಗಳ ಸಮೇತ ಫೈಲಿಗೆ ಸೇರಿಸುತ್ತಾನೆ.

ದಿಲ್ಲಿಯಲ್ಲಿ ಆ ಹಾಳೆಗೆ ಇರುವ ದಾರಿಗಳು ಕೆಲವೇ. ಹನ್ನೊಂದಕ್ಕೆ ಪ್ರಶ್ನೋತ್ತರ ವೇಳೆ. ಬಾಯಿಮಾತಿನ ಉತ್ತರ ಬೇಕಾದ ಚುಕ್ಕೆ ಗುರುತಿನ ಪ್ರಶ್ನೆಗಳು ದಿನಕ್ಕೆ ಇಪ್ಪತ್ತು, ಲಿಖಿತ ಉತ್ತರದವು 230. ಯಾರ ಪ್ರಶ್ನೆ ಮೇಲೆ ಬರಬೇಕೆಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಮಧ್ಯಾಹ್ನದ ಶೂನ್ಯ ವೇಳೆಗೂ ಚೀಟಿಯೇ ಗತಿ. ಹೆಸರು ಬಂದರೂ ಗದ್ದಲವಾಗಿ ಸದನ ಮುಂದೂಡಿದರೆ ಆ ದಿನದ ಸರದಿ ಹೋಯಿತು. ಇವೆರಡೂ ಆಗದವರಿಗೆ ನಿಯಮ 377. ಇದರಡಿ ಹೇಳಬೇಕಾದ್ದನ್ನು 250 ಪದ ಮೀರದಂತೆ ಬರೆದು ಓದಬೇಕು, ಮೇಜಿನ ಮೇಲೆ ಇಟ್ಟರೂ ಓದಿದಂತೆಯೇ. ಸಚಿವರು ಕೂಡಲೇ ಎದ್ದು ಉತ್ತರಿಸಬೇಕೆಂದಿಲ್ಲ, ಕೆಲವು ವಾರಗಳ ಮೇಲೆ ಪತ್ರ ಬರುತ್ತದೆ. ಅದರಲ್ಲಿರುವ ಭಾಷೆ ನಮ್ಮ ಕಡೆಯ ಯಾವ ಹೋರಾಟಗಾರನಿಗಾದರೂ ಬಾಯಿಪಾಠ: ಪ್ರಯಾಣಿಕರ ಸಂಖ್ಯೆ, ಕಾರ್ಯಸಾಧ್ಯತೆ, ಸದ್ಯಕ್ಕೆ ಪ್ರಸ್ತಾವವಿಲ್ಲ. ಹೆಬ್ಬೆಟ್ಟು ಒತ್ತಿದವರ ಹೆಸರು ಅಷ್ಟೊತ್ತಿಗೆ ಎಲ್ಲೋ ಉದುರಿಹೋಗಿರುತ್ತದೆ. ಉಳಿಯುವುದು ಗಾಡಿಯ ನಂಬರು ಒಂದೇ.

ಇಷ್ಟೆಲ್ಲ ದೂರ ಹೋಗಬೇಕಾದ ಮಾತೇ ಇದು ಎಂದು ಕೇಳಬಹುದು. ಹೋಗಬೇಕಾಗಿರುವುದಕ್ಕೆ ಕಾರಣ ಹಳಿಗಳ ಹಂಚಿಕೆ. ಶಹಾಬಾದಿನ ದೂರು ಮಹಾರಾಷ್ಟ್ರದ ಸೊಲ್ಲಾಪುರ ವಿಭಾಗಕ್ಕೆ. ಚಿತ್ತಾಪುರ, ಮಳಖೇಡ ರೋಡ್, ಸೇಡಮ್ಮಿನವು ತೆಲಂಗಾಣದ ಸಿಕಂದರಾಬಾದಿಗೆ. ಹುಬ್ಬಳ್ಳಿಯ ನೈಋತ್ಯ ರೈಲ್ವೆಗೆ ಈ ಊರುಗಳ ಸಂಬಂಧವೇ ಇಲ್ಲ. ಎರಡೂ ಕಚೇರಿಗಳ ಬಾಗಿಲಲ್ಲಿ ಕನ್ನಡದ ಅರ್ಜಿ ಹಿಡಿದು ನಿಂತರೆ ಓದುವವರು ಸಿಗುವುದು ಅದೃಷ್ಟ. ಮಲ್ಲಿಕಾರ್ಜುನ ಖರ್ಗೆ 2013ರ ಜೂನಿನಿಂದ ಸುಮಾರು ಒಂದು ವರ್ಷ ರೈಲ್ವೆ ಸಚಿವರಾಗಿದ್ದಾಗ ಕಲಬುರಗಿಗೇ ಒಂದು ವಿಭಾಗ ಬರುವ ಘೋಷಣೆಯಾಯಿತು. ಸರ್ಕಾರ ಬದಲಾಯಿತು. ವಿಭಾಗ ಇವತ್ತಿಗೂ ಕೆಲಸ ಶುರು ಮಾಡಿಲ್ಲ.

ರೈಲಿಳಿದು ನಡೆದರೆ ಬೇಡಿಕೆಗಳ ರೂಪ ಬದಲಾಗುತ್ತದೆ. ಶಹಾಬಾದಿನ ಸುತ್ತ ನೆಲ ಕೆರೆದರೆ ಕಲ್ಲು ಹಲಗೆ ಹಲಗೆಯಾಗಿ ಏಳುತ್ತದೆ. ಮನೆಯ ನೆಲಕ್ಕೆ ಅದೇ, ಮಾಳಿಗೆಗೆ ಅದೇ, ಹೊಲದ ಬೇಲಿಗೂ ಅದನ್ನೇ ಸಾಲಾಗಿ ನೆಟ್ಟಿರುತ್ತಾರೆ. ದೇಶದ ಎಷ್ಟೋ ರೈಲು ನಿಲ್ದಾಣಗಳ ನೆಲ ಹಾಸಿದ ಕಲ್ಲಿನ ಊರಿನಲ್ಲಿ ಹಲವು ದೂರದ ಗಾಡಿಗಳು ನಿಲ್ಲದಿರುವುದು ಒಂದು ಕುಚೋದ್ಯವೇ ಸರಿ. ಸುಣ್ಣಕಲ್ಲು ಇದ್ದಲ್ಲಿ ಸಿಮೆಂಟ್ ಬಂತು: ವಾಡಿ, ಮಳಖೇಡ, ಸೇಡಂ. ಕೇಂದ್ರ ಸರ್ಕಾರದ್ದೇ ಆದ ಸಿಮೆಂಟ್ ಕಾರ್ಪೊರೇಷನ್ನಿನ ಕುರಕುಂಟಾ ಕಾರ್ಖಾನೆ ಮಾತ್ರ ಮುಚ್ಚಿ ದಶಕಗಳಾದವು. ಅದನ್ನು ಸಂಸತ್ತಿನಲ್ಲಿ ಕೇಳದೆ ಬೇರೆಲ್ಲಿ ಕೇಳುವುದು?

ಡಿಸೆಂಬರಿಗೆ ಹೊಲದಲ್ಲಿ ತೊಗರಿ ಒಣಗಿ ಗಲಗಲ ಎನ್ನುತ್ತದೆ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. 2025-26ಕ್ಕೆ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಆದರೆ ಮ್ಯಾನ್ಮಾರಿನಿಂದ, ಮೊಜಾಂಬಿಕಿನಿಂದ ಸುಂಕವಿಲ್ಲದೆ ತೊಗರಿ ಹಡಗಿನಲ್ಲಿ ಬಂದಿಳಿದರೆ ಸೇಡಮ್ಮಿನ ಅಡತಿ ಅಂಗಡಿಯಲ್ಲಿ ರೇಟು ಕುಸಿಯುತ್ತದೆ. ಸುಂಕ ಹಾಕುವುದೂ ತೆಗೆಯುವುದೂ ದಿಲ್ಲಿಯ ಕೈಯಲ್ಲಿದೆ. ನೆಟೆ ರೋಗ ಬಿದ್ದು ಬೆಳೆ ನಿಂತಲ್ಲೇ ಒಣಗಿದ ವರ್ಷವೂ ರೈತ ಮೊದಲು ಹೋಗುವುದು ತಹಸೀಲ್ದಾರರ ಬಳಿಗೆ, ಕೊನೆಗೆ ಎಂ.ಪಿ. ಬಳಿಗೆ.

ಕಲಬುರಗಿ ಕ್ಷೇತ್ರ ದಿಲ್ಲಿಗೆ ಕಳಿಸಿದವರ ಸಾಲೂ ಸ್ವಾರಸ್ಯದ್ದು. 1952ರಲ್ಲಿ ಹೈದರಾಬಾದ್ ವಿಮೋಚನೆಯ ಮುಂದಾಳು ಸ್ವಾಮಿ ರಮಾನಂದ ತೀರ್ಥರು. 1980ರಲ್ಲಿ ಧರ್ಮಸಿಂಗ್ ಗೆದ್ದು, ಆ ಸ್ಥಾನವನ್ನು ಸಿ.ಎಂ. ಸ್ಟೀಫನ್‌ಗೆ ಬಿಟ್ಟುಕೊಟ್ಟರು. ದಿಲ್ಲಿಯಲ್ಲಿ ವಾಜಪೇಯಿ ಎದುರು ಸೋತು ಬಂದಿದ್ದ ಮಲಯಾಳಿ ಸ್ಟೀಫನ್ ಕಲಬುರಗಿಯ ಸಂಸದರಾದರು, ಕೇಂದ್ರ ಸಚಿವರೂ ಆದರು. ಜೋಳ, ತೊಗರಿಯ ಜನ ಅವರಿಗೆ ಯಾವ ಭಾಷೆಯಲ್ಲಿ ಅರ್ಜಿ ಕೊಟ್ಟಿರಬಹುದು ಎಂದು ಆಗಾಗ ಯೋಚನೆ ಬರುತ್ತದೆ. 1984ರಲ್ಲಿ ಗೆದ್ದ ಚಿಂಚೋಳಿಯ ವೀರೇಂದ್ರ ಪಾಟೀಲರು ಅದಕ್ಕೂ ಮೊದಲೇ ಮುಖ್ಯಮಂತ್ರಿಯಾಗಿದ್ದವರು, 1978ರಲ್ಲಿ ಚಿಕ್ಕಮಗಳೂರಿನಲ್ಲಿ ಇಂದಿರಾ ಗಾಂಧಿಯವರ ಎದುರು ನಿಂತು ಸೋತವರು. ದೊಡ್ಡ ಹೆಸರುಗಳಿಗೇನೂ ಬರವಿರಲಿಲ್ಲ.

ಬರವಿದ್ದದ್ದು ಬೇರೆಯದಕ್ಕೆ. 1956ರಲ್ಲಿ ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ಮಹಾರಾಷ್ಟ್ರ ಸೇರಿದ ಮರಾಠವಾಡಾಕ್ಕೆ ಸಂವಿಧಾನದ 371ನೇ ವಿಧಿಯಲ್ಲಿ ಜಾಗ ಸಿಕ್ಕಿತು. ಆಂಧ್ರ ಸೇರಿದ ತೆಲಂಗಾಣಕ್ಕೆ 1973ರ ತಿದ್ದುಪಡಿಯಿಂದ 371(ಡಿ) ಬಂತು. ಕರ್ನಾಟಕ ಸೇರಿದ ನಮಗೆ ಏನೂ ಸಿಗಲಿಲ್ಲ. ಆಗ ಸೇಡಂ ತಾಲ್ಲೂಕಿನ ರಿಬ್ಬನಪಲ್ಲಿ ಗಡಿಯಲ್ಲಿ ನಿಂತರೆ ಆಚೆಯ ಹುಡುಗನಿಗೆ ನೌಕರಿಯಲ್ಲಿ ಸ್ಥಳೀಯ ಮೀಸಲು ಇತ್ತು, ಈಚೆಯವನಿಗೆ ಬೆಂಗಳೂರು, ಮಂಗಳೂರಿನ ಹುಡುಗರ ಜತೆ ಪೈಪೋಟಿ. ಮಣ್ಣು ಒಂದೇ, ನಿಜಾಮನೂ ಒಬ್ಬನೇ ಆಗಿದ್ದ. ಚಿಂಚೋಳಿಯ ವೈಜನಾಥ ಪಾಟೀಲರು ನಮಗೂ ಅಂಥದೇ ವಿಧಿ ಬೇಕೆಂದು ವರ್ಷಗಟ್ಟಲೆ ಬೀದಿಯಲ್ಲಿ ಹೋರಾಡಿದರು. ಎಲ್.ಕೆ. ಅಡ್ವಾಣಿ ಗೃಹ ಸಚಿವರಾಗಿದ್ದಾಗ ದಿಲ್ಲಿ ಈ ಬೇಡಿಕೆಯನ್ನು ತಳ್ಳಿಹಾಕಿತ್ತು.

2009ರಲ್ಲಿ ಲೋಕಸಭೆಗೆ ಬಂದ ಖರ್ಗೆ ಕಾರ್ಮಿಕ ಸಚಿವರಾಗಿ ಸಂಪುಟದೊಳಗೆ ಕೂತಿದ್ದರು. ಎಂ.ಎಸ್.ಕೆ. ಮಿಲ್ಲಿನ ಕಾರ್ಮಿಕರ ವಕೀಲಿಕೆ ಮಾಡಿ, ಗುರುಮಠಕಲ್‌ನಿಂದ ಎಂಟು ಸಲ, ಚಿತ್ತಾಪುರದಿಂದ ಒಂದು ಸಲ ವಿಧಾನಸಭೆಗೆ ಗೆದ್ದವರು. ಸದನದಲ್ಲಿ ಅವರಾಡುವ ಹಿಂದಿಗೆ ಈ ನೆಲದ ದಖ್ಖನಿ ಉರ್ದುವಿನ ಒಗ್ಗರಣೆ ಇರುತ್ತದೆ. ಪಕ್ಕದ ಸೊಲ್ಲಾಪುರದ ಸುಶೀಲಕುಮಾರ್ ಶಿಂಧೆ ಆಗ ಗೃಹ ಸಚಿವರು. 2012ರ ಡಿಸೆಂಬರಿನಲ್ಲಿ 98ನೇ ತಿದ್ದುಪಡಿ ಎರಡೂ ಸದನಗಳಲ್ಲಿ ಪಾಸಾಯಿತು, 371(ಜೆ) ಹುಟ್ಟಿತು. ಈ ಭಾಗದ ವಿಶ್ವವಿದ್ಯಾಲಯ, ಕಾಲೇಜುಗಳಲ್ಲಿ ನಮ್ಮ ಮಕ್ಕಳಿಗೆ ಶೇ. 70 ಸೀಟು, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8. ಇವತ್ತು ಸೇಡಮ್ಮಿನ ಹಳ್ಳಿಯಿಂದ ಮೆಡಿಕಲ್ ಸೀಟು ಹಿಡಿದ ಹುಡುಗಿಯ ಕೈಯಲ್ಲಿ ತಹಸೀಲ್ ಕಚೇರಿಯಿಂದ ತಂದ ಒಂದು ಅರ್ಹತಾ ಪ್ರಮಾಣಪತ್ರ ಇರುತ್ತದೆ. ಐವತ್ತಾರು ವರ್ಷದ ಅರ್ಜಿಗೆ ಬಂದ ಉತ್ತರ ಅದು. ಶೂನ್ಯ ವೇಳೆಯ ಕೆಲವೇ ನಿಮಿಷದಲ್ಲಿ ಇದು ಆಗುವಂಥದಲ್ಲ. ಬೀದಿಯ ಗಲಾಟೆ, ಸಂಪುಟದ ಕುರ್ಚಿ, ಎದುರು ಪಕ್ಷದವರ ಮತ ಮೂರೂ ಕೂಡಿದ್ದಕ್ಕೆ ಆಯಿತು.

ಇಷ್ಟಾದ ಮೇಲೂ 2019ರಲ್ಲಿ ಖರ್ಗೆಯವರು ಸೋತರು, ತೊಂಬತ್ತೈದು ಸಾವಿರಕ್ಕೂ ಹೆಚ್ಚು ಮತಗಳಿಂದ. ಗೆದ್ದವರು ಚಿಂಚೋಳಿಯ ಶಾಸಕರಾಗಿದ್ದ, ಬಂಜಾರ ಸಮುದಾಯದ ಡಾ. ಉಮೇಶ ಜಾಧವ. ಅವರೊಂದಿಗೆ ತಾಂಡಾಗಳ ಮಾತೂ ದಿಲ್ಲಿಗೆ ಹೋಯಿತು. 2023ರ ಜನವರಿ 19ರಂದು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದಲ್ಲೇ ಪ್ರಧಾನಿ ನರೇಂದ್ರ ಮೋದಿ ತಾಂಡಾದವರಿಗೆ ಹಕ್ಕುಪತ್ರ ಹಂಚಿದರು. ಕಾಗಿಣಾ ದಡದ ಕೋಟೆಯ ಆಸುಪಾಸಿನಲ್ಲಿ ಅವತ್ತು ಬಣ್ಣಬಣ್ಣದ ಕನ್ನಡಿ ಲಂಗಗಳದೇ ಸಂತೆ. ಮುಂದಿನ ವರ್ಷ ಜಾಧವರೂ ಸೋತರು, ರಾಧಾಕೃಷ್ಣ ದೊಡ್ಡಮನಿ ಸಂಸದರಾದರು. ಖರ್ಗೆ ಅಷ್ಟರಲ್ಲಿ ರಾಜ್ಯಸಭೆಯಲ್ಲಿ ವಿರೋಧ ಪಕ್ಷದ ನಾಯಕರು. ಸಂವಿಧಾನ ತಿದ್ದಿಸಿದವರನ್ನೂ ಹಕ್ಕುಪತ್ರ ಕೊಡಿಸಿದವರನ್ನೂ ಮತದಾರ ಮನೆಗೆ ಕಳಿಸಿದ. ಇದನ್ನು ಕೃತಘ್ನತೆ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ, ಗಾಡಿ ನಿಲ್ಲದ ಊರಿನವನಿಗೆ ಕಲಂ ನಂಬರು ಹೇಳಿ ಸಮಾಧಾನ ಮಾಡಲಾಗದು.

ಚಿಂಚೋಳಿಗಂತೂ ರೈಲೇ ಇಲ್ಲ. ಮುಲ್ಲಾಮಾರಿ ನದಿ, ಚಂದ್ರಂಪಳ್ಳಿ ಕೆರೆ, ಕುಂಚಾವರಂ ಕಾಡು ಎಲ್ಲವೂ ಇವೆ, ಹಳಿಯಿಲ್ಲ. ಪುಣೆ, ಮುಂಬೈಗೆ ದುಡಿಯಲು ಹೋಗುವ ತಾಂಡಾದವರು ಗಾಡಿ ಹತ್ತಲು ಗಡಿ ದಾಟಿ ತಾಂಡೂರಿಗಾದರೂ ಹೋಗಬೇಕು, ಇಲ್ಲ ಬಸ್ಸಿನಲ್ಲಿ ಕಲಬುರಗಿಗೆ ಬರಬೇಕು. ಚಿಂಚೋಳಿಯ ಮತ ಬೀಳುವುದು ಬೀದರ್ ಲೋಕಸಭಾ ಕ್ಷೇತ್ರಕ್ಕೆ. ಜಿಲ್ಲೆ ಕಲಬುರಗಿ, ಜಿಲ್ಲಾಧಿಕಾರಿ ಕಲಬುರಗಿಯವರು, ಎಂ.ಪಿ. ಮಾತ್ರ ಬೀದರಿನ ಸಾಗರ್ ಖಂಡ್ರೆ. ಹಾಗಾಗಿ ಚಿಂಚೋಳಿಗೆ ರೈಲು ಮಾರ್ಗ ಕೇಳುವ ಹೋರಾಟಗಾರರು ಝೆರಾಕ್ಸ್ ಅಂಗಡಿಯಲ್ಲಿ ಒಂದು ಪ್ರತಿ ಹೆಚ್ಚಿಗೆ ತೆಗೆಸುತ್ತಾರೆ, ವಿಳಾಸದ ಸಾಲಿನಲ್ಲಿ ಕಲಬುರಗಿ ಅಳಿಸಿ ಬೀದರ್ ಎಂದು ಟೈಪ್ ಮಾಡಿಸುತ್ತಾರೆ.