ಹಿತ್ತಿಲ ಕಾಯಿ ಹೆಚ್ಚಾದಾಗ

ಶಿವರಾತ್ರಿಯ ಹೊತ್ತಿಗೆ ಊರಿದ ಹೀರೆ, ಸೋರೆ, ಬೆಂಡೆ, ಗೋರಿಕಾಯಿ ಬೀಜಗಳೆಲ್ಲ ಏಪ್ರಿಲ್ ನಡುವಿಗೆ ಮಾತಾಡಿಕೊಂಡಂತೆ ಒಟ್ಟಿಗೇ ಕಾಯಿ ಬಿಡುತ್ತವೆ. ಗುಬ್ಬಿ ತಾಲ್ಲೂಕಿನ ತೆಂಗಿನ ತೋಟದ ಮನೆಗಳಲ್ಲಿ ಬಚ್ಚಲ ನೀರು ಹರಿಯುವ ಕಡೆ ಚಪ್ಪರ ಜೋತುಬೀಳುತ್ತದೆ. ಕುಣಿಗಲ್ ಕಡೆಯ ಹಿತ್ತಿಲುಗಳಲ್ಲಿ ತಿಪ್ಪೆಯ ಮೇಲೆ ತಾನಾಗಿ ಹುಟ್ಟಿದ ಕುಂಬಳದ ಬಳ್ಳಿ ಬೇಲಿ ದಾಟಿ ಪಕ್ಕದವರ ಬಣವೆ ಹತ್ತುತ್ತದೆ. ತುಮಕೂರು ನಗರದ ಎಸ್‌ಐಟಿ ಬಡಾವಣೆ, ಅಶೋಕನಗರದ ತಾರಸಿಗಳಲ್ಲೂ ಬಣ್ಣದ ಡಬ್ಬ, ಸಿಮೆಂಟ್ ಚೀಲಗಳಲ್ಲಿ ಬೆಳೆದ ಬದನೆ, ಟೊಮೆಟೊ ಗಿಡಗಳು ಕೋಲಿನ ಆಸರೆ ಕೇಳುತ್ತವೆ. ಮೊದಲ ವಾರ ಮನೆಯವರಿಗೆಲ್ಲ ಹಿಗ್ಗು. ಎರಡನೇ ವಾರ ಅಕ್ಕಪಕ್ಕದವರಿಗೂ ಹಿಗ್ಗು. ಮೂರನೇ ವಾರಕ್ಕೆ ತಟ್ಟೆಯ ಮುಂದೆ ಕೂತ ಮಕ್ಕಳು, ‘ಇವತ್ತೂ ಹೀರೆಕಾಯಾ ಅಮ್ಮಾ?’ ಅಂತ ರಾಗ ಎಳೆಯುತ್ತಾರೆ.

ಒಂದೇ ಹದದ ಕಾಯಿಯನ್ನು ಒಂದೇ ಬಗೆಯಲ್ಲಿ ಬೇಯಿಸುವುದರಿಂದಲೇ ಈ ಬೇಸರ ಹುಟ್ಟುತ್ತದೆ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಅಂಗಡಿಯಲ್ಲಿ ಸಿಗುವ ಹೀರೆಕಾಯಿಗೆ ಒಂದೇ ವಯಸ್ಸು. ಹಿತ್ತಿಲ ಹೀರೆಗೆ ಮೂರು ನಾಲ್ಕು ವಯಸ್ಸು. ನಮ್ಮ ಸೀಮೆಯ ಹಳೆಯ ಅಡುಗೆ ಈ ವಯಸ್ಸುಗಳನ್ನು ನೋಡಿಯೇ ಬೆಳೆದದ್ದು. ಎಳೆಯದಕ್ಕೆ ಒಂದು ಅಡುಗೆ, ಬಲಿತದ್ದಕ್ಕೆ ಇನ್ನೊಂದು, ಹಣ್ಣಾದದ್ದಕ್ಕೆ ಮತ್ತೊಂದು. ಕೊನೆಗೆ ಸಿಪ್ಪೆಗೂ ಬೀಜಕ್ಕೂ ಒಂದೊಂದು.

ಸೌತೆಕಾಯಿಯನ್ನೇ ನೋಡಿ. ಮಿಡಿಯಾಗಿದ್ದಾಗ ಉಪ್ಪು ಖಾರ ಸವರಿ ಹಾಗೇ ಕಚ್ಚಬಹುದು. ಸ್ವಲ್ಪ ಬೆಳೆದರೆ ಹೆಸರುಬೇಳೆಯ ಜೊತೆ ಕೋಸಂಬರಿ. ಬಲಿತು ತೊಗಟೆ ಗಟ್ಟಿಯಾಯಿತೋ, ತುರಿದು ನೆನೆಸಿದ ಅಕ್ಕಿಯ ಜೊತೆ ರುಬ್ಬಿದರೆ ಹುದುಗು ಬರಿಸುವ ಗೋಜಿಲ್ಲದೆ ಅವತ್ತೇ ದೋಸೆ ಹುಯ್ಯಬಹುದು. ಹಳದಿ ತಿರುಗಿದ್ದನ್ನು ಬೆಲ್ಲ, ಹುಣಸೆಹಣ್ಣು ಹಾಕಿ ಗೊಜ್ಜು ಮಾಡಿದರೆ ರಾತ್ರಿಯ ಅನ್ನಕ್ಕೆ ಬೇರೇನೂ ಬೇಡ. ಬದನೆಯದೂ ಇದೇ ಕತೆ. ಎಳೆಯದು ಎಣ್ಣೆಗಾಯಿಗೆ. ಬಲಿತದ್ದನ್ನು ಕೆಂಡದಲ್ಲಿ ಸುಟ್ಟು, ಕಪ್ಪು ಸಿಪ್ಪೆ ಸುಲಿದು, ಹಸಿಮೆಣಸಿನಕಾಯಿ ಈರುಳ್ಳಿಯ ಜೊತೆ ಕಿವುಚಿ ಒಗ್ಗರಣೆ ಕೊಟ್ಟರೆ ಬಿಸಿ ಮುದ್ದೆಗೆ ಅದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ಹೀರೆಯ ತಿರುಳು ಬಜ್ಜಿಗೋ ಪಲ್ಯಕ್ಕೋ ಹೋದ ಮೇಲೆ ಸಿಪ್ಪೆಯನ್ನು ಕಸದ ಬುಟ್ಟಿಗೆ ಹಾಕುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಆ ಸಿಪ್ಪೆಯನ್ನು ಎಣ್ಣೆಯಲ್ಲಿ ಘಮ್ಮೆನ್ನುವ ತನಕ ಬಾಡಿಸಿ, ಹುರಿದ ಕಡಲೆಬೇಳೆ, ಉದ್ದಿನಬೇಳೆ, ಒಣಮೆಣಸಿನಕಾಯಿ, ಹುಣಸೆಹಣ್ಣು, ಒಂದು ತುಂಡು ಕೊಬ್ಬರಿಯ ಜೊತೆ ತರಿತರಿಯಾಗಿ ರುಬ್ಬಬೇಕು. ತಿರುಳಿಗಿಂತ ಸಿಪ್ಪೆಯೇ ರುಚಿ ಎನ್ನುವವರ ಪಕ್ಷ ನನ್ನದು.

ಹಲಸನ್ನು ತರಕಾರಿ ಎನ್ನಬೇಕೋ ಹಣ್ಣು ಎನ್ನಬೇಕೋ ಎಂಬ ಜಗಳ ಗುಬ್ಬಿ ತಾಲ್ಲೂಕಿನ ಚೇಳೂರು ಕಡೆ ಯಾರೂ ಆಡುವುದಿಲ್ಲ. ಎಳೆಯದು ಪಲ್ಯ, ಬಲಿತದ್ದು ಹಪ್ಪಳ, ಮಾಗಿದ್ದು ಹಣ್ಣು, ಬೀಜ ಸಾರಿಗೆ. ತುಮಕೂರು ಪಕ್ಕದ ಹಿರೇಹಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ ಗುರುತಿಸಿ ಹೆಸರುವಾಸಿ ಮಾಡಿದ ‘ಸಿದ್ದು’ ಹಲಸು ಇದೇ ಚೇಳೂರಿನ ಮರ. ತಾಮ್ರಗೆಂಪು ತೊಳೆಯ ಆ ಹಣ್ಣಿನ ತೂಕ ಸರಾಸರಿ ಎರಡೂವರೆ ಕಿಲೋದ ಆಸುಪಾಸು. ನಾಲ್ಕು ಜನರ ಮನೆಯಲ್ಲಿ ಒಂದು ಹಣ್ಣು ಒಂದೇ ದಿನಕ್ಕೆ ಮುಗಿಯುತ್ತದೆ. ಹೆಚ್ಚಾಗಿ ಹಾಳಾಗುವ ಮಾತೇ ಇಲ್ಲ.

ನಾಲ್ಕು ಗೋರಿಕಾಯಿ, ಒಂದು ಹಿಡಿ ಅಲಸಂದೆ, ಎರಡು ಕಂತೆ ದಂಟಿನ ಸೊಪ್ಪು, ಯಾವುದೂ ಒಂದು ಹೊತ್ತಿಗೆ ಸಾಲದು ಅನ್ನುವಂಥ ದಿನಗಳೂ ಇರುತ್ತವೆ. ಅಂಥ ದಿನಕ್ಕೆಂದೇ ಬಸ್ಸಾರು ಇದೆ. ಎಲ್ಲವನ್ನೂ ತೊಗರಿಬೇಳೆಯ ಜೊತೆ ಬೇಯಿಸಿ ಕಟ್ಟು ಬಸಿಯಬೇಕು. ಬಸಿದ ಕಟ್ಟಿಗೆ ಕಾಯಿ, ಬೆಳ್ಳುಳ್ಳಿ, ಹುರಿದ ಮೆಣಸು ಜೀರಿಗೆ, ಹುಣಸೆಹಣ್ಣು ರುಬ್ಬಿ ಹಾಕಿದರೆ ಸಾರು. ಉಳಿದ ಕಾಯಿಗೆ ಒಗ್ಗರಣೆ ಹಾಕಿದರೆ ಪಲ್ಯ. ಒಂದೇ ಪಾತ್ರೆಯಿಂದ ಎರಡು ಅಡುಗೆ, ಬೇಯಿಸಿದ ನೀರೂ ಚೆಲ್ಲುವುದಿಲ್ಲ. ಮಾರನೆಯ ದಿನ ಕುದಿಸಿದ ಬಸ್ಸಾರಿಗೆ ಇನ್ನೂ ರುಚಿ ಹೆಚ್ಚು ಎಂಬುದನ್ನು ಈ ಸೀಮೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಗಟ್ಟಿಯಾಗಿ ಹೇಳಬೇಕು. ಸೋರೆ, ಸೌತೆ, ಹೀರೆಗಳನ್ನು ಹೆಚ್ಚುವಾಗ ಒಂದು ಚೂರು ನಾಲಿಗೆಯ ತುದಿಗೆ ಮುಟ್ಟಿಸಿ ನೋಡಿ. ಕಹಿಯಿದ್ದರೆ ಉಗುಳಿ, ಇಡೀ ಕಾಯಿಯನ್ನು ಗುಂಡಿಗೆ ಹಾಕಿ. ಈ ಕಹಿಗೆ ಕಾರಣ ಕುಕುರ್ಬಿಟಾಸಿನ್ ಎಂಬ ವಸ್ತು. ಬೇಯಿಸಿದರೂ ಅದು ಹೋಗುತ್ತದೆಂದು ನಂಬುವಂತಿಲ್ಲ. ಕಹಿ ಸೋರೆಕಾಯಿ ರಸ ಕುಡಿದು ವಾಂತಿ, ರಕ್ತಭೇದಿಯಾಗಿ ಪ್ರಾಣ ಕಳೆದುಕೊಂಡವರು ನಮ್ಮ ದೇಶದಲ್ಲಿ ಇದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿಯೇ ಈ ಬಗ್ಗೆ ಜನರನ್ನು ಎಚ್ಚರಿಸಿದೆ. ಬೆಳೆದ ಕೈಗೆ ಎಸೆಯಲು ಮನಸ್ಸು ಬಾರದು, ನಿಜ. ಆದರೂ ಇಲ್ಲಿ ಉಳಿತಾಯದ ಮಾತು ಬೇಡ.

ಇನ್ನು ನನಗೆ ಬಹಳ ಪ್ರಿಯವಾದ ವಿಷಯಕ್ಕೆ ಬರುತ್ತೇನೆ. ಬಾಳಕ.

ಹಿತ್ತಿಲ ಮೆಣಸಿನ ಗಿಡ ಕಾಯಿ ಬಿಡಲು ಶುರು ಮಾಡಿದರೆ ಯಾವ ಮನೆಯೂ ತಿಂದು ಮುಗಿಸಲಾರದು. ಖಾರ ಕಡಿಮೆಯಿರುವ ದಪ್ಪ ಹಸಿಮೆಣಸಿನಕಾಯಿಯನ್ನು ತೊಟ್ಟು ಉಳಿಸಿಕೊಂಡು ತೊಳೆದು, ಬಟ್ಟೆಯಲ್ಲಿ ಒರೆಸಿ, ಹೊಟ್ಟೆಗೆ ಉದ್ದಕ್ಕೆ ಒಂದು ಗೀರು ಹಾಕಬೇಕು, ಕಾಯಿ ಎರಡು ಹೋಳಾಗದ ಹಾಗೆ. ಅರ್ಧ ಕಿಲೋ ಕಾಯಿಗೆ ಒಂದು ಲೀಟರಿನಷ್ಟು ಹುಳಿ ಮಜ್ಜಿಗೆ, ಒಂದು ಹಿಡಿ ಕಲ್ಲುಪ್ಪು. ಮಣ್ಣಿನ ಮಡಕೆಯಲ್ಲೋ ಪಿಂಗಾಣಿ ಜಾಡಿಯಲ್ಲೋ ಎರಡು ದಿನ ಮುಳುಗಿಸಿಡಿ, ಅಲ್ಯೂಮಿನಿಯಂ ಪಾತ್ರೆ ಮಾತ್ರ ಬೇಡ. ಹಸಿರು ಹೋಗಿ ಕಾಯಿ ಮಾಸಲು ಬಣ್ಣಕ್ಕೆ ತಿರುಗಿದಾಗ ಹಿಂಡದೆ ಎತ್ತಿ ತಾರಸಿಯ ಮೇಲೆ ಹರವಬೇಕು. ಸಂಜೆಗೆ ಅರ್ಧ ಬಾಡಿದ ಕಾಯಿಗಳನ್ನು ಮತ್ತೆ ಅದೇ ಮಜ್ಜಿಗೆಗೆ ಹಾಕಬೇಕು. ಬಾಡಿದ ಕಾಯಿ ರಾತ್ರಿಯಿಡೀ ಮಜ್ಜಿಗೆ ಕುಡಿಯುತ್ತದೆ, ಬೆಳಿಗ್ಗೆ ಮತ್ತೆ ಬಿಸಿಲಿಗೆ. ಹೀಗೆ ಮಜ್ಜಿಗೆ ಪೂರ್ತಿ ಇಂಗುವ ತನಕ. ಆಮೇಲೆ ಬರೀ ಬಿಸಿಲು, ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಒಳಗಿನ ಬೀಜ ಗಿಲಕ್ ಎನ್ನುವ ತನಕ. ಉಪ್ಪು, ಹುಳಿ, ಒಣಗು ಮೂರೂ ಸೇರಿದ ಕಡೆ ಬೂಷ್ಟಿಗೆ ಜಾಗವಿಲ್ಲ. ಡಬ್ಬದಲ್ಲಿ ವರ್ಷ ಇರುತ್ತದೆ. ಗೋರಿಕಾಯಿ, ಹಾಗಲ, ಬೆಂಡೆಗೂ ಇದೇ ದಾರಿ. ಗೋರಿಕಾಯಿಯನ್ನು ಮಾತ್ರ ಮೊದಲು ಉಪ್ಪು ನೀರಿನಲ್ಲಿ ಒಂದು ಕುದಿ ಬರಿಸಿಕೊಳ್ಳಬೇಕು.

ಬೂದುಗುಂಬಳ ಬಿಟ್ಟ ಮನೆಯಲ್ಲಿ ಸಂಡಿಗೆ ಇಡದಿದ್ದರೆ ಆ ಬಳ್ಳಿಗೆ ಅನ್ಯಾಯ ಮಾಡಿದಂತೆ. ಕಾಯಿಯನ್ನು ತುರಿದು ಉಪ್ಪು ಬೆರೆಸಿ ಹಿಂಡಿ, ನೆನೆಸಿ ಗಟ್ಟಿಯಾಗಿ ರುಬ್ಬಿದ ಉದ್ದಿನಬೇಳೆ, ಹಸಿಮೆಣಸಿನಕಾಯಿ, ಜೀರಿಗೆ, ಇಂಗು ಸೇರಿಸಿ ಪುಟ್ಟ ಪುಟ್ಟ ಉಂಡೆಯಾಗಿ ಹಾಳೆಯ ಮೇಲೆ ಇಡಬೇಕು. ಹಿಂಡಿದ ನೀರನ್ನು ಚೆಲ್ಲಬೇಡಿ, ಉಪ್ಪಿನ ಲೆಕ್ಕ ನೋಡಿಕೊಂಡು ಮಜ್ಜಿಗೆ ಹುಳಿಗೆ ಸೇರಿಸಿ.

ಇದೆಲ್ಲ ಇಲ್ಲಿ ಸಾಧ್ಯವಾಗುವುದು ನಮ್ಮ ಒಣ ಹವೆಯಿಂದ. ಮಾರ್ಚ್, ಏಪ್ರಿಲ್‌ನಲ್ಲಿ ತುಮಕೂರಿನ ಬಿಸಿಲು 35 ಡಿಗ್ರಿ ದಾಟುತ್ತದೆ, ಗಾಳಿಯಲ್ಲಿ ತೇವವೇ ಇರುವುದಿಲ್ಲ. ಕರಾವಳಿಯವರಿಗೆ ಈ ಭಾಗ್ಯವಿಲ್ಲ. ಅದಕ್ಕೇ ದಕ್ಷಿಣ ಕನ್ನಡ, ಕಾಸರಗೋಡಿನ ಮನೆಗಳು ಹಲಸಿನ ತೊಳೆಯನ್ನು ಉಪ್ಪಿನಲ್ಲಿ ಹಾಕಿಟ್ಟು ಉಪ್ಪುಸೊಳೆ ಮಾಡಿಕೊಂಡವು, ಬಲಿತ ಮಂಗಳೂರು ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ಅಟ್ಟಕ್ಕೆ ತೂಗುಹಾಕಿ ಮಳೆಗಾಲ ದಾಟಿಸಿದವು. ತೂಗುಹಾಕುವ ಬುದ್ಧಿಯನ್ನು ನಾವೂ ಬಳಸಬಹುದು. ಪೂರಾ ಬಲಿತ ಸಿಹಿಗುಂಬಳ, ಬೂದುಗುಂಬಳವನ್ನು ತೊಟ್ಟು ಸಮೇತ ಕೊಯ್ದು, ನೆಲಕ್ಕೆ ಸೋಕದಂತೆ ನೆಲುವಿನಲ್ಲಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ತೊಟ್ಟು ಮುರಿದ ಕಾಯಿ ಮಾತ್ರ ಆ ಗಾಯದಿಂದಲೇ ಕೊಳೆಯುತ್ತದೆ, ಅದನ್ನು ಮೊದಲು ಅಡುಗೆ ಮಾಡಿಬಿಡಿ.

ಟೊಮೆಟೊ ಹೆಚ್ಚಾದರೆ ತೊಕ್ಕು. ಹಣ್ಣನ್ನು ಹೆಚ್ಚಿ, ನೀರು ಹಾಕದೆ ಹುಣಸೆಹಣ್ಣಿನ ಜೊತೆ ಬೇಯಿಸಿ ರುಬ್ಬಿ, ಎಳ್ಳೆಣ್ಣೆಯಲ್ಲಿ ಉಪ್ಪು, ಖಾರದಪುಡಿ, ಹುರಿದು ಪುಡಿ ಮಾಡಿದ ಸಾಸಿವೆ ಮೆಂತ್ಯ ಸೇರಿಸಿ, ಎಣ್ಣೆ ಮೇಲೆ ತೇಲುವ ತನಕ ಮಗುಚಬೇಕು. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿ ಊರೆಲ್ಲ ಹುಣಸೆ ಸಾರಿಗೆ ಇಳಿದಿತ್ತು, ನೆನಪಿರಬಹುದು. ಬೇಸಿಗೆಯಲ್ಲಿ ಒಂದು ಜಾಡಿ ತೊಕ್ಕು ಮಾಡಿಟ್ಟವರ ಅಡುಗೆಮನೆಗೆ ಆ ಬಿಸಿ ಅಷ್ಟಾಗಿ ತಟ್ಟಲಿಲ್ಲ. ಆದರೆ ತೊಕ್ಕು ಉಳಿಯಿತೆಂದು ಬೆಂಡೆ, ಬೀನ್ಸ್‌ಗಳನ್ನೂ ಬೇಯಿಸಿ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಡಲು ಹೋಗಬಾರದು. ಹುಳಿಯಿಲ್ಲದ ತರಕಾರಿಯಲ್ಲಿ, ಗಾಳಿಯಾಡದ ಕಡೆ ಬಾಟುಲಿಸಂ ತರುವ ವಿಷ ಹುಟ್ಟಬಹುದು. ಅವನ್ನು ಒಣಗಿಸುವುದೇ ಸರಿ.

ಹಸಿಯಾಗಿಯೇ ನಾಲ್ಕು ದಿನ ಹೆಚ್ಚು ಉಳಿಸಬೇಕೆಂದರೆ ಫ್ರಿಜ್ಜೇ ಬೇಕೆಂದಿಲ್ಲ. ದಿಲ್ಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ 1980ರ ದಶಕದಲ್ಲೇ ಕರೆಂಟು ಬೇಡದ ಶೀತಲ ಕೋಣೆಯೊಂದನ್ನು ರೂಪಿಸಿತು. ಇಟ್ಟಿಗೆ ಹಾಸಿ, ಸುತ್ತ ಏಳೆಂಟು ಸೆಂಟಿಮೀಟರ್ ಸಂದು ಬಿಟ್ಟು ಎರಡು ಸಾಲು ಇಟ್ಟಿಗೆ ಗೋಡೆ ಏರಿಸಿ, ಸಂದಿನಲ್ಲಿ ಮರಳು ತುಂಬಿ, ಬೆಳಿಗ್ಗೆ ಸಂಜೆ ನೀರು ಹನಿಸುವುದು, ಮೇಲೆ ಒದ್ದೆ ಗೋಣಿ. ನೀರು ಆವಿಯಾಗುವಾಗ ಒಳಗಿನ ಕಾವನ್ನು ಎಳೆದುಕೊಂಡು ಹೋಗುತ್ತದೆ. ಹೊರಗಿಗಿಂತ ಹತ್ತು ಡಿಗ್ರಿಯಷ್ಟು ತಂಪು. ನೈಜೀರಿಯಾದ ಶಿಕ್ಷಕ ಮೊಹಮ್ಮದ್ ಬಾ ಅಬ್ಬಾ ಇದೇ ತತ್ವವನ್ನು ಮಡಕೆಯೊಳಗೆ ಮಡಕೆ ಇಟ್ಟು ಸಾಧಿಸಿ 2000ದಲ್ಲಿ ರೋಲೆಕ್ಸ್ ಪ್ರಶಸ್ತಿ ಪಡೆದರು. ಹವೆ ಒಣಗಿದಷ್ಟೂ ಈ ಉಪಾಯ ಚೆನ್ನಾಗಿ ನಡೆಯುತ್ತದೆ, ಅಂದರೆ ಮಂಗಳೂರಿಗಿಂತ ಗುಬ್ಬಿಗೇ ಹೇಳಿ ಮಾಡಿಸಿದ್ದು. ತೆಂಗಿನ ಮರದ ನೆರಳಿನಲ್ಲಿ ಒಂದು ಬುಟ್ಟಿ ತರಕಾರಿ ಹಿಡಿಯುವಷ್ಟು ಪುಟ್ಟದಾಗಿ ಕಟ್ಟಿದರೂ ಸಾಕು.

ಎಷ್ಟು ಮಾಡಿದರೂ ಮಿಕ್ಕರೆ, ಕೊಡಲು ನಮ್ಮ ಜಿಲ್ಲೆಯಲ್ಲಿ ಜಾಗಕ್ಕೆ ಬರವಿಲ್ಲ. ಸಿದ್ಧಗಂಗಾ ಮಠದ ದಾಸೋಹಕ್ಕೆ ರೈತರು ತಾವು ಬೆಳೆದದ್ದನ್ನು ತಂದೊಪ್ಪಿಸುವ ರೂಢಿ ಹಿಂದಿನಿಂದ ಬಂದದ್ದು. ಶಿವಕುಮಾರ ಸ್ವಾಮೀಜಿಯವರು 2019ರ ಜನವರಿ 21ರಂದು ಲಿಂಗೈಕ್ಯರಾದ ಮೇಲೂ ಆ ಒಲೆ ಆರಿಲ್ಲ. ಕುಣಿಗಲ್ ತಾಲ್ಲೂಕಿನ ಎಡೆಯೂರು ಸಿದ್ಧಲಿಂಗೇಶ್ವರನ ಸನ್ನಿಧಿಯಲ್ಲೂ ದಾಸೋಹ ಉಂಟು. ಒಂದು ಮನೆಯ ಎರಡು ಕುಂಬಳಕಾಯಿ ಅಲ್ಲಿನ ಕೊಪ್ಪರಿಗೆಗೆ ಲೆಕ್ಕಕ್ಕಿಲ್ಲದಿರಬಹುದು. ಒಂದು ಬೀದಿಯ ಕುಂಬಳಕಾಯಿಗಳೆಲ್ಲ ಒಂದು ಆಟೋದಲ್ಲಿ ಹೋದರೆ ಒಂದು ಹೊತ್ತಿನ ಹುಳಿಯಾಗುತ್ತದೆ. ಹಾದಿಯಲ್ಲಿ ಬಾಡುವ ಸೊಪ್ಪು, ಬೆಂಡೆಯನ್ನು ಪಕ್ಕದ ಮನೆಗೆ ಕೊಟ್ಟು, ಗಟ್ಟಿ ಕಾಯಿಯನ್ನು ಅಲ್ಲಿಗೆ ಕಳಿಸುವುದು ಜಾಣತನ.

ಕೊಯ್ಯುವುದನ್ನು ಮಾತ್ರ ನಿಲ್ಲಿಸಬೇಡಿ. ಹೂ ಅರಳಿದ ಐದಾರು ದಿನಕ್ಕೆ ಬೆಂಡೆ ಹದಕ್ಕೆ ಬರುತ್ತದೆ, ತುದಿ ಪಟ್ಟನೆ ಮುರಿದರೆ ಎಳೆಯದು. ತಿನ್ನಲು ಜನವಿಲ್ಲವೆಂದು ಗಿಡದಲ್ಲೇ ಬಿಟ್ಟರೆ ಗಿಡ ತನ್ನ ಶಕ್ತಿಯನ್ನೆಲ್ಲ ಬೀಜಕ್ಕೆ ಸುರಿದು ಹೊಸ ಹೂ ಬಿಡುವುದನ್ನು ಕಡಿಮೆ ಮಾಡುತ್ತದೆ. ಬೀಜಕ್ಕೆಂದು ಒಳ್ಳೆಯ ಬಳ್ಳಿಯಲ್ಲಿ ಒಂದೆರಡು ಕಾಯಿ ಗುರುತು ಕಟ್ಟಿ ಬಿಟ್ಟರೆ ಸಾಕು. ನಾಟಿ ತಳಿಗಳ ಬೀಜವನ್ನೂ, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ಬೆಂಡೆ, ಅರ್ಕಾ ಬಹಾರ್ ಸೋರೆಯಂಥ ತಳಿಗಳ ಬೀಜವನ್ನೂ ಮನೆಯಲ್ಲೇ ಎತ್ತಿಟ್ಟುಕೊಳ್ಳಬಹುದು. ಅರ್ಕಾ ರಕ್ಷಕ್‌ನಂಥ ಹೈಬ್ರಿಡ್ ಟೊಮೆಟೊದ ಬೀಜ ಮಾತ್ರ ಮರುವರ್ಷ ಅದೇ ಗುಣ ಕೊಡುವುದಿಲ್ಲ.

ಅಶ್ವಿನಿ ಮಳೆ ಏಪ್ರಿಲ್ ನಡುವಿಗೆ, ಭರಣಿ ತಿಂಗಳ ಕೊನೆಗೆ ಹುಟ್ಟುತ್ತದೆ. ಒಂದು ಸಂಜೆ ಗುಡುಗಿ ಸುರಿದರೆ ತಾರಸಿಯ ಮೇಲಿನ ಸಂಡಿಗೆ ಕೆಟ್ಟಂತೆ. ಆದ್ದರಿಂದ ಮೆಣಸಿನಕಾಯಿಗೆ ಇವತ್ತು ರಾತ್ರಿಯೇ ಗೀರು ಹಾಕಿ, ಮಜ್ಜಿಗೆಗೆ ಇಳಿಸಿ. ಮಧ್ಯಾಹ್ನದಲ್ಲೇ ಮೋಡ ಕಂಡರೆ ಹಾಳೆ ಸಮೇತ ಒಳಗೆ ಎತ್ತಿಡಲು ಮನೆಯಲ್ಲಿ ಒಬ್ಬರಿಗೆ ಹೇಳಿರಿ.